ಪಂದ್ಯ ಕಾಣದ ಮುಸಾಫಿರ

ಗೆಳೆಯರೊಬ್ಬರ ಮನೆಯ ಗೋಡೆಗೆ ಬಿಳಿ ಚಾದರ ಕಟ್ಟಿ, ನಾವು ಏಳೆಂಟು ಮಂದಿ ಇರಾನಿನ ಅಬ್ಬಾಸ್ ಕಿಯಾರೊಸ್ತಮಿಯ 'ಮುಸಾಫಿರ್' ಚಿತ್ರವನ್ನು ನೋಡಿದೆವು. 1974ರಲ್ಲಿ ತಯಾರಾದ, ಎಪ್ಪತ್ತು ಚಿಲ್ಲರೆ ನಿಮಿಷಗಳ ಕಪ್ಪು ಬಿಳುಪು ಚಿತ್ರ. ಮುಗಿದಾಗ ನಮ್ಮಲ್ಲಿದ್ದ ನಿವೃತ್ತ ಮೇಷ್ಟರೊಬ್ಬರು "ಮನೆಯಲ್ಲಿ ಕದ್ದವನಿಗೆ ತಕ್ಕ ಶಾಸ್ತಿಯಾಯಿತು" ಎಂದರು. ಯಾರೂ ಎದುರಾಡಲಿಲ್ಲ. ಅಷ್ಟರಲ್ಲಿ ಚಹಾ ಬಂತು, ಮಾತು ಬೇರೆ ಕಡೆ ಹೊರಳಿತು. ಮೇಷ್ಟರ ಮಾತಿನಲ್ಲಿ ಏನೋ ತಪ್ಪಿದೆ ಎಂದು ನಮಗೆ ಅನಿಸಿತಾದರೂ ಅದೇನೆಂದು ಆಗ ಹೇಳಲಾಗಲಿಲ್ಲ. ಆಮೇಲೆ ಚಿತ್ರವನ್ನು ಮತ್ತೆರಡು ಸಲ ನೋಡಿದೆವು. ಅಂದು ಮೇಷ್ಟರಿಗೆ ಕೊಡಲಾಗದೆ ಹೋದ ಉತ್ತರವೇ ಈ ಬರಹ.

ಕತೆ ತೀರಾ ಸಣ್ಣದು. ಇರಾನಿನ ಹಮದಾನ್ ಪ್ರಾಂತದ ಮಲಾಯೆರ್ ಪಟ್ಟಣದಲ್ಲಿ ಕಾಸಿಂ ಜುಲಾಯಿ ಎಂಬ ಹತ್ತು ವರ್ಷದ ಹುಡುಗನಿದ್ದಾನೆ. ಓಣಿಯಲ್ಲಿ ಚೆಂಡು ಒದೆಯುವುದು ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ. ತೆಹರಾನಿನಲ್ಲಿ ರಾಷ್ಟ್ರೀಯ ತಂಡದ ಫುಟ್‌ಬಾಲ್ ಪಂದ್ಯವಿದೆ. ಅದನ್ನು ಅವನು ನೋಡಲೇಬೇಕು. ತೆಹರಾನ್ ಇರುವುದು ಸುಮಾರು 400 ಕಿಲೋಮೀಟರ್ ಆಚೆ. ಬಸ್ಸಿಗೆ ದುಡ್ಡು ಬೇಕು, ಟಿಕೇಟಿಗೆ ದುಡ್ಡು ಬೇಕು, ಮನೆಯವರ ಕಣ್ಣು ತಪ್ಪಿಸಬೇಕು. ಚಿತ್ರದ ಹೆಚ್ಚು ಭಾಗ ಈ ತಯಾರಿಯಲ್ಲೇ ಕಳೆಯುತ್ತದೆ. ಕೊನೆಗೆ ಅವನು ತೆಹರಾನ್ ತಲುಪುತ್ತಾನೆ, ಸ್ಟೇಡಿಯಂ ಹೊಗುತ್ತಾನೆ, ಆದರೆ ಪಂದ್ಯ ನೋಡುವುದಿಲ್ಲ. ಆಟ ಶುರುವಾಗಲು ಇನ್ನೂ ಗಂಟೆಗಟ್ಟಲೆ ಹೊತ್ತಿದೆ ಎಂದು ತಿಳಿದು ಹೊರಗೆ ಸುತ್ತಾಡಲು ಹೋದವನು ಹುಲ್ಲಿನ ಮೇಲೆ ಮಲಗಿ ನಿದ್ದೆಹೋಗುತ್ತಾನೆ. ಎಚ್ಚರವಾಗುವ ಹೊತ್ತಿಗೆ ಸ್ಟೇಡಿಯಂ ಖಾಲಿ.

ಈ ನಿದ್ದೆಯನ್ನೇ ಮೇಷ್ಟರು ಶಾಸ್ತಿ ಎಂದದ್ದು. ಆದರೆ ಹುಡುಗ ಮಲಗಿದ್ದು ಯಾಕೆ? ಹಿಂದಿನ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅವನು ಮೆಲ್ಲನೆ ಎದ್ದು, ಕತ್ತಲ ಬೀದಿಗಳಲ್ಲಿ ಓಡಿ ಬಸ್ಸು ಹಿಡಿದಿದ್ದಾನೆ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದಾನೆ. ಬೆಳಿಗ್ಗೆ ಟಿಕೇಟಿನ ಸಾಲಿನಲ್ಲಿ ನಿಂತಿದ್ದಾನೆ. ಅವನ ಸರದಿ ಬಂದಾಗಲೇ ಟಿಕೇಟು ಮುಗಿದಿದೆ. ಕಾಳಸಂತೆಯವನಿಗೆ ಹೆಚ್ಚು ದುಡ್ಡು ತೆತ್ತು ಒಳಗೆ ಹೋಗಿದ್ದಾನೆ. ಹತ್ತು ವರ್ಷದ ಮೈ ಅದು. ದಣಿದ ಮಗುವಿನ ನಿದ್ದೆಯಲ್ಲಿ ನ್ಯಾಯತೀರ್ಪನ್ನು ಹುಡುಕುವುದು ನಮ್ಮ ದೊಡ್ಡವರ ಹಳೆಯ ಚಾಳಿ. ಕತೆ ಬರೆಯುವ ನಾವೂ ಇದಕ್ಕೆ ಹೊರತಲ್ಲ. ತಪ್ಪು ಮಾಡಿದ ಪಾತ್ರವನ್ನು ಕೊನೆಯ ಪುಟದೊಳಗೆ ಕಾಯಿಲೆಗೋ ಅಪಘಾತಕ್ಕೋ ಒಪ್ಪಿಸಿ ಕೈತೊಳೆದುಕೊಂಡ ಕತೆಗಳು ನಮ್ಮ ಹೆಸರಿನಲ್ಲೂ ಅಚ್ಚಾಗಿವೆ.

ಚಿತ್ರವನ್ನು ತಯಾರಿಸಿದ್ದು 'ಕಾನೂನ್'. ಇದು ನಮ್ಮ ಕಾನೂನು ಅಲ್ಲ. ಕಾನೂನಿನ ಮೊದಲ ಅಕ್ಷರ ಅರಬ್ಬಿ, ಉರ್ದುಗಳಲ್ಲಿ 'ಖಾಫ್'. ಇದರದು 'ಕಾಫ್'. ಫಾರಸಿಯಲ್ಲಿ ಇದಕ್ಕೆ ಕೇಂದ್ರ, ಒಲೆ ಎಂಬ ಅರ್ಥಗಳಿವೆ. ಮಕ್ಕಳ ಮತ್ತು ಕಿಶೋರರ ಬೌದ್ಧಿಕ ವಿಕಾಸಕ್ಕೆಂದು 1965ರಲ್ಲಿ, ಶಹಾ ಆಡಳಿತದ ಕಾಲದಲ್ಲಿ, ರಾಣಿ ಫರಾಳ ಆಶ್ರಯದಲ್ಲಿ ಆರಂಭವಾದ ಸಂಸ್ಥೆಯಿದು. ಅದರ ಚಲನಚಿತ್ರ ವಿಭಾಗವನ್ನು ಕಟ್ಟಿದವರಲ್ಲಿ ಕಿಯಾರೊಸ್ತಮಿಯೂ ಒಬ್ಬ. ಇಂಥ ಸಂಸ್ಥೆಯಿಂದ ಜನ ನಿರೀಕ್ಷಿಸುವುದು ಹಲ್ಲುಜ್ಜಿರಿ, ಸುಳ್ಳಾಡಬೇಡಿ ಎಂಬಂಥ ಚಿತ್ರಗಳನ್ನು. ಕಿಯಾರೊಸ್ತಮಿ ಕೊಟ್ಟದ್ದು ಸುಳ್ಳುಗಾರ ಹುಡುಗನೊಬ್ಬನ ಬುದ್ಧಿ ಹೇಗೆ ಓಡುತ್ತದೆ ಎಂಬ ಚಿತ್ರವನ್ನು. ಬೌದ್ಧಿಕ ವಿಕಾಸ ಎಂಬ ಮಾತನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ.

ಉರ್ದು ಬಲ್ಲವರಿಗೆ ಈ ಚಿತ್ರ ನೋಡುವಾಗ ಒಂದು ಸಣ್ಣ ಲಾಭವಿದೆ. ಪೂರ್ತಿ ಮಾತು ತಿಳಿಯದಿದ್ದರೂ ನಡುನಡುವೆ ಮನೆಯ ಪದಗಳು ಕಿವಿಗೆ ಬೀಳುತ್ತವೆ. ಫಾರಸಿಯಲ್ಲಿ 'ಮದ್ರಸೆ' ಎಂದರೆ ಬರೀ ಶಾಲೆ. ನಮ್ಮ ಪತ್ರಿಕೆಗಳಲ್ಲಿ ಆ ಪದಕ್ಕೆ ಏನೆಲ್ಲ ಅಂಟಿಕೊಂಡಿದೆ ಎಂಬುದು ಓದುಗರಿಗೆ ಗೊತ್ತೇ ಇದೆ. ಇಲ್ಲಿ ಅದು ಬೆಂಚು, ಕರಿಹಲಗೆ, ಬೆತ್ತಗಳ ಮಾಮೂಲಿ ಶಾಲೆ. ಮುಸಾಫಿರ್ ಪದವಂತೂ ಮುಸಾಫಿರ್‌ಖಾನೆಯ ಜೊತೆಗೆ ನಮ್ಮ ಊರುಗಳಿಗೂ ಬಂದದ್ದೇ.

ಈ ಶಾಲೆಯ ದೃಶ್ಯವೊಂದನ್ನು ಇಲ್ಲಿ ನೆನೆಯಬೇಕು. ಮನೆಯಿಂದ ದುಡ್ಡು ಕಾಣೆಯಾಗಿದೆ. ತಾಯಿ ಓದುಬರಹ ಬಾರದವಳು. ಮಗನನ್ನು ತಿದ್ದುವ ದಾರಿ ಕಾಣದೆ ಅವಳು ಹೆಡ್‌ಮಾಸ್ಟರರ ಕೋಣೆಗೆ ಬರುತ್ತಾಳೆ. ಹೆಡ್‌ಮಾಸ್ಟರ್ ಹುಡುಗನ ಅಂಗೈಗೆ ಹೊಡೆಯುತ್ತಾ ಹೋಗುತ್ತಾರೆ. ಅವನು 'ತಗೊಂಡಿಲ್ಲ, ನಾನಲ್ಲ' ಎಂದು ಅಳುತ್ತಲೇ ಇರುತ್ತಾನೆ. ತಾಯಿ ನೋಡುತ್ತಾ ಕೂತಿದ್ದಾಳೆ. ಹುಡುಗ ಕದ್ದದ್ದು ನಿಜ, ನಮಗೂ ಗೊತ್ತು. ಆದರೂ ಆ ಹೊತ್ತಿನಲ್ಲಿ ನಾವು ಅವನ ಸುಳ್ಳಿನ ಪರವಾಗಿಯೇ ನಿಲ್ಲುತ್ತೇವೆ. ಇದನ್ನು ಕಿಯಾರೊಸ್ತಮಿ ಹಿನ್ನೆಲೆ ಸಂಗೀತದಿಂದ ಸಾಧಿಸುವುದಿಲ್ಲ, ಹೊಡೆತಗಳನ್ನು ಲೆಕ್ಕವಿಲ್ಲದಂತೆ ಮುಂದುವರಿಸಿ ಸಾಧಿಸುತ್ತಾನೆ. ಮಗನನ್ನು ಕಾಪಾಡಲೆಂದು ಬಂದ ತಾಯಿ ಅವನನ್ನು ಹೊಡೆಸುವವಳಾಗಿಬಿಡುತ್ತಾಳೆ. ಇವಳ ಬಗ್ಗೆ ಚಿತ್ರ ಹೆಚ್ಚು ಹೇಳುವುದಿಲ್ಲ. ಹೇಳಬೇಕಿತ್ತು ಎಂಬ ದೂರು ನಮ್ಮದು.

ಹೊಡೆತದಿಂದ ಯೋಜನೆ ನಿಲ್ಲುವುದಿಲ್ಲ. ತರಗತಿಯಲ್ಲಿ ಹಿಂದೆ ಬಿದ್ದವನು ಇಲ್ಲಿ ಬಲು ಚುರುಕು. ಗೆಳೆಯ ಅಕ್ಬರನನ್ನು ಕಟ್ಟಿಕೊಂಡು ಹಳೆಯ ಕ್ಯಾಮೆರಾ ಒಂದನ್ನು ಮಾರಲು ಅಂಗಡಿ ಅಂಗಡಿ ಅಲೆಯುತ್ತಾನೆ. ಕೊಳ್ಳುವವರಿಲ್ಲ. ಆಗ ಹೊಳೆಯುವ ಉಪಾಯ ನೋಡಿ: ಶಾಲೆಯ ಬಳಿ ಮಕ್ಕಳನ್ನು ನಿಲ್ಲಿಸಿ ಒಬ್ಬೊಬ್ಬರಿಂದಲೂ ಕಾಸು ಪಡೆದು ಫೋಟೋ ತೆಗೆಯುತ್ತಾನೆ. ಕ್ಯಾಮೆರಾದೊಳಗೆ ಫಿಲ್ಮ್ ಇಲ್ಲ.

ಚಿತ್ರದ ಜೀವವಿರುವುದು ಇಲ್ಲೇ ಎಂಬುದು ನಮ್ಮ ಅಭಿಪ್ರಾಯ. ಮಕ್ಕಳು ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಾರೆ. ಕೆಲವರು ಬಿಗಿಯಾಗಿ ಕೈ ಇಳಿಬಿಟ್ಟು ನಿಂತರೆ ಕೆಲವರಿಗೆ ನಗು ತಡೆಯಲಾಗುತ್ತಿಲ್ಲ. ಕಾಸಿಂ ನುರಿತ ಸ್ಟುಡಿಯೋದವನಂತೆ ಸರಿಯಾಗಿ ನಿಲ್ಲು, ಹೀಗೆ ತಿರುಗು ಎನ್ನುತ್ತಾನೆ. ಮೊದಲು ನಮಗೂ ನಗು ಬರುತ್ತದೆ. ಮುಖಗಳ ಸಾಲು ಬೆಳೆಯುತ್ತಾ ಹೋದಂತೆ ಎದೆಯಲ್ಲಿ ಕಸಿವಿಸಿಯಾಗುತ್ತದೆ. ಇವರೂ ಬಡವರ ಮಕ್ಕಳೇ. ಇವರಿಗೂ ಒಂದು ಆಸೆಯಿದೆ, ತಮ್ಮ ಮುಖವನ್ನು ಕಾಗದದ ಮೇಲೆ ನೋಡಬೇಕೆಂದು. ಒಬ್ಬ ಹುಡುಗನ ದೊಡ್ಡ ಆಸೆ ಇಷ್ಟು ಮಕ್ಕಳ ಸಣ್ಣ ಆಸೆಗಳನ್ನು ತಿಂದು ಬೆಳೆಯುತ್ತಿದೆ. ಮೇಷ್ಟರು ಮನೆಯ ಕಳ್ಳತನವನ್ನು ಹಿಡಿದರು, ಇದನ್ನು ಬಿಟ್ಟರು. ಮನೆಯ ದುಡ್ಡು ಕದ್ದದ್ದಕ್ಕೆ ಕಾಸಿಂ ಅಂಗೈಯಲ್ಲಿ ತೆತ್ತಾಗಿದೆ. ಈ ಮಕ್ಕಳ ಸಾಲ ಹಾಗೇ ಉಳಿದಿದೆ, ನಿದ್ದೆಹೋಗಿ ಪಂದ್ಯ ತಪ್ಪಿಸಿಕೊಂಡರೆ ಅದು ತೀರುವುದಿಲ್ಲ. ಶಾಸ್ತಿಯಾಯಿತು ಎಂದ ಕೂಡಲೇ ನಾವು ಆ ಮಕ್ಕಳನ್ನು ಮರೆತಂತಾಗುತ್ತದೆ. ಮೇಷ್ಟರ ಮಾತಿನಲ್ಲಿ ನಮಗೆ ಅಂದು ಚುಚ್ಚಿದ್ದು ಇದೇ ಎಂದು ಈಗ ತೋರುತ್ತದೆ.

ಇನ್ನೊಂದು ಸೋಜಿಗವೂ ಇದೆ. ಕಾಸಿಂನ ಕ್ಯಾಮೆರಾ ಖಾಲಿಯಾಗಿದ್ದರೂ ಅವನ ಹಿಂದಿದ್ದ ಕಿಯಾರೊಸ್ತಮಿಯ ಕ್ಯಾಮೆರಾದಲ್ಲಿ ಫಿಲ್ಮ್ ಇತ್ತು. ಕಾಸಿಂ ತೆಗೆಯದ ಆ ಫೋಟೋಗಳು ಐವತ್ತು ವರ್ಷ ಕಳೆದರೂ ಉಳಿದಿವೆ, ನಮ್ಮ ಗೋಡೆಯ ಚಾದರದ ಮೇಲೂ ಬಂದು ಹೋದವು. ಹಾಗೆಂದು ನಿರ್ದೇಶಕ ಸಾಲ ತೀರಿಸಿದ ಎನ್ನಲಾಗದು. ತಾನೂ ಮಕ್ಕಳನ್ನು ನಿಲ್ಲಿಸಿ, ಹೀಗೆ ನೋಡು, ಹಾಗೆ ನೋಡು ಎಂದು ಹೇಳಿ ತನ್ನ ಕೆಲಸ ಸಾಧಿಸಿಕೊಳ್ಳುವವನೇ ಎಂದು ಅವನಿಗೆ ಅರಿವಿತ್ತು. ಮುಂದೆ 1989ರ 'ಮಷ್ಕೆ ಶಬ್' ಎಂಬ ಸಾಕ್ಷ್ಯಚಿತ್ರದಲ್ಲಿ, ಮನೆಪಾಠದ ಬಗ್ಗೆ ಮಕ್ಕಳನ್ನು ಪ್ರಶ್ನಿಸುತ್ತಾ, ಅವರ ಭಯದ ಮುಂದೆ ಕ್ಯಾಮೆರಾವನ್ನೂ ಅದರ ಹಿಂದಿರುವವರನ್ನೂ ಅವನು ತೋರಿಸುತ್ತಾನೆ.

ಫೋಟೋದ ಕಾಸು ಸಾಲದೆ ಕಾಸಿಂ ತಂಡದ ಚೆಂಡನ್ನೂ ಗೋಲನ್ನೂ ಮಾರಿಬಿಡುತ್ತಾನೆ. ಅವು ಅವನೊಬ್ಬನವಲ್ಲ, ಓಣಿಯ ಹುಡುಗರೆಲ್ಲರ ಅಮಾನತ್ತು. (ನಂಬಿ ಒಪ್ಪಿಸಿದ್ದು ಎಂಬ ಅರ್ಥದ ಈ ಪದ ಕನ್ನಡದ ಕಚೇರಿಗಳಿಗೆ ಬಂದು ನೌಕರಿಯಿಂದ ಇಳಿಸುವುದಕ್ಕೆ ಬಳಕೆಯಾದದ್ದು ಹೇಗೆಂದು ಬಲ್ಲವರು ಬರೆಯಬೇಕು.) ದೂರದ ಊರಿನಲ್ಲಿ ಆಟ ನೋಡಲು ಸ್ವಂತ ಊರಿನ ಆಟವನ್ನೇ ಮಾರಿದ ಹುಡುಗ! ಈ ವ್ಯಂಗ್ಯವನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ.

ತೆಹರಾನಿನ ಭಾಗ ಬೇರೆಯೇ ಬಗೆಯದು. ಮಲಾಯೆರ್‌ನಲ್ಲಿ ಎಲ್ಲರನ್ನೂ ಮಾತಿನಲ್ಲೇ ಗೆದ್ದವನಿಗೆ ಇಲ್ಲಿ ಮಾತೇ ನಡೆಯುವುದಿಲ್ಲ. ಈಜುಕೊಳದ ಗಾಜಿನ ಆಚೆ ಇರುವ ಹುಡುಗನನ್ನು ಅವನು ಮಾತಾಡಿಸಲು ನೋಡುತ್ತಾನೆ, ದನಿ ಆಚೆಗೆ ಹೋಗುವುದಿಲ್ಲ. ತೈಲದ ಹಣ ಇರಾನಿಗೆ ಹೊಳೆಯಾಗಿ ಹರಿಯತೊಡಗಿದ ಕಾಲವದು. 1974ರ ಏಷ್ಯನ್ ಕ್ರೀಡೆಗಳು ನಡೆದದ್ದೂ ತೆಹರಾನಿನಲ್ಲೇ. ಆ ಐಶ್ವರ್ಯಕ್ಕೂ ಮಲಾಯೆರ್‌ಗೂ ನಡುವೆ ಇದ್ದ ದೂರ ಬಸ್ಸಿನದು ಮಾತ್ರವಲ್ಲ ಎಂದು ಹೇಳಲು ಕಿಯಾರೊಸ್ತಮಿಗೆ ಈ ಒಂದು ಗಾಜು ಸಾಕಾಯಿತು.

ನಮಗೆ ಒಪ್ಪಿಗೆಯಾಗದ ಭಾಗ ಕನಸಿನದು. ಹುಲ್ಲಿನ ಮೇಲೆ ಮಲಗಿದ ಕಾಸಿಂಗೆ ಊರಿನವರು ತನ್ನನ್ನು ಹಿಡಿದು ಹೊಡೆಯುವ ಕನಸು ಬೀಳುತ್ತದೆ. ಅಲ್ಲಿಯವರೆಗೆ ಯಾವುದನ್ನೂ ವಿವರಿಸದ ಚಿತ್ರ ಇಲ್ಲಿ ಮಾತ್ರ ಹುಡುಗನ ಮನಸ್ಸನ್ನು ಬಿಡಿಸಿ ತೋರಿಸಲು ಹೊರಡುತ್ತದೆ. ಮೇಷ್ಟರ ತೀರ್ಪಿಗೆ ಚಿತ್ರದಲ್ಲಿ ಏನಾದರೂ ಆಧಾರವಿದ್ದರೆ ಅದು ಈ ಕನಸೇ. ಆದರೂ ಒಂದು ಮಾತು ಹೇಳಬೇಕು: ಹೊಡೆಯುವ ಲೋಕವನ್ನು ಬಿಟ್ಟು ಬೇರೆ ಲೋಕ ಅವನ ಕನಸಿಗೂ ಬರುವುದಿಲ್ಲ. ಅಷ್ಟು ಹಂಬಲಿಸಿದ ಆಟ ಅಲ್ಲೂ ಇಲ್ಲ.

ಕಾಸಿಂ ಅಲ್ಲಿಗೇ ಮುಗಿಯಲಿಲ್ಲ. 1990ರ 'ಕ್ಲೋಸ್‌ಅಪ್' ಚಿತ್ರದಲ್ಲಿ, ತಾನೇ ನಿರ್ದೇಶಕ ಮೊಹ್ಸೆನ್ ಮಖ್ಮಲ್‌ಬಾಫ್ ಎಂದು ಹೇಳಿಕೊಂಡು ಒಂದು ಕುಟುಂಬವನ್ನು ನಂಬಿಸಿದ ಹುಸೇನ್ ಸಬ್‌ಜಿಯಾನ್ ಎಂಬ ಬಡವ ನ್ಯಾಯಾಲಯದಲ್ಲಿ ನಿಂತು, 'ಮುಸಾಫಿರ್'ನ ಆ ಹುಡುಗ ತಾನೇ, ನಿದ್ದೆಹೋಗಿ ಹಿಂದೆ ಉಳಿದವನು ತಾನು ಎನ್ನುತ್ತಾನೆ. ಅದು ನಿಜವಾದ ಮನುಷ್ಯ, ನಿಜವಾದ ಮೊಕದ್ದಮೆ. ಸಿನಿಮಾದಲ್ಲಿ ಕಂಡ ಹುಡುಗನ ಹೆಸರಿನಲ್ಲಿ ಕ್ಷಮೆ ಕೇಳಿದ ಬೇರೆ ಆರೋಪಿಯನ್ನು ನಾವು ಕಂಡಿಲ್ಲ. ಆ ಕುಟುಂಬ ಕೊನೆಗೆ ಅವನನ್ನು ಮನ್ನಿಸಿತು.

ಇನ್ನು ಕಿಯಾರೊಸ್ತಮಿಗೆ ಸಹಾಯಕನಾಗಿದ್ದ ಜಾಫರ್ ಪನಾಹಿ 2006ರಲ್ಲಿ 'ಆಫ್‌ಸೈಡ್' ಮಾಡಿದ. ಇರಾನ್ ಮತ್ತು ಬಹ್ರೇನ್ ನಡುವಿನ 2005ರ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಗಂಡುವೇಷ ತೊಟ್ಟು ಹೋಗುವ ಹುಡುಗಿಯರ ಕತೆಯದು. ಅವರೂ ಯೋಜನೆ ಹಾಕುತ್ತಾರೆ, ಅವರೂ ಕಾಳಸಂತೆಯಲ್ಲಿ ಟಿಕೇಟು ಕೊಳ್ಳುತ್ತಾರೆ. ಸಿಕ್ಕಿಬಿದ್ದು, ಸ್ಟೇಡಿಯಂ ಗೋಡೆಯ ಹಿಂದೆ ಕಟಕಟೆಯಂಥ ಜಾಗದಲ್ಲಿ ನಿಂತು ಆಟದ ಸದ್ದನ್ನಷ್ಟೇ ಕೇಳುತ್ತಾರೆ. ಅಲ್ಲೂ ಪಂದ್ಯ ನಮಗೆ ಕಾಣುವುದಿಲ್ಲ. ಆ ಚಿತ್ರ ಇರಾನಿನಲ್ಲಿ ನಿಷೇಧಕ್ಕೆ ಒಳಗಾಯಿತು. 2019ರ ಅಕ್ಟೋಬರಿನಲ್ಲಿ ಕಾಂಬೋಡಿಯದ ವಿರುದ್ಧದ ಪಂದ್ಯಕ್ಕೆ ತೆಹರಾನಿನ ಆಜಾದಿ ಸ್ಟೇಡಿಯಂನಲ್ಲಿ ಕೆಲವು ಸಾವಿರ ಮಹಿಳೆಯರಿಗೆ ಟಿಕೇಟು ಸಿಕ್ಕಿದಾಗ ಈ ಚಿತ್ರವನ್ನು ನೆನೆದವರಲ್ಲಿ ನಾವೂ ಇದ್ದೆವು. ಕಾಸಿಂನನ್ನು ಯಾವ ಸಿಪಾಯಿಯೂ ತಡೆಯಲಿಲ್ಲ, ಬಾಗಿಲು ಅವನಿಗೆ ತೆರೆದೇ ಇತ್ತು. ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿದವರಿಗೆ ಹೆಡ್‌ಮಾಸ್ಟರರ ಕೋಣೆಯಲ್ಲಿ ಕೂತ ಆ ತಾಯಿ ಮತ್ತೆ ನೆನಪಾಗುತ್ತಾಳೆ. ಮನೆಯಿಂದ ಶಾಲೆಯವರೆಗೆ ಬಂದು ಹೋದದ್ದೇ ಅವಳ ಪ್ರಯಾಣ.

ಕೊನೆಯ ದೃಶ್ಯದಲ್ಲಿ ಕಾಸಿಂ ಖಾಲಿ ಸ್ಟೇಡಿಯಂನಲ್ಲಿ ಓಡುತ್ತಾನೆ. ಜನ ಬಿಟ್ಟುಹೋದ ಕಾಗದದ ಚೂರುಗಳನ್ನು ಗುಡಿಸುತ್ತಿದ್ದಾರೆ. ಅವನು ಊರಿಗೆ ಹೇಗೆ ಮರಳಿದ, ಆ ಮಕ್ಕಳು ತಮ್ಮ ಫೋಟೋ ಕೇಳಿದಾಗ ಏನು ಹೇಳಿದ, ಚೆಂಡು ಕಳೆದುಕೊಂಡ ಗೆಳೆಯರ ಮುಂದೆ ಹೇಗೆ ನಿಂತ ಎಂಬುದು ಚಿತ್ರದಲ್ಲಿ ಇಲ್ಲ. ಮೊನ್ನೆ ಮೇಷ್ಟರು ದಾರಿಯಲ್ಲಿ ಸಿಕ್ಕಿದಾಗ ಇಷ್ಟನ್ನೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಫೋಟೋದ ಹುಡುಗರನ್ನು ಇನ್ನೊಮ್ಮೆ ನೋಡಬೇಕು, ಡಿಸ್ಕ್ ಇದ್ದರೆ ಕೊಡಿ" ಎಂದರು.