ಕುಲಾವಿಗೆ ಮೊದಲು ಪುಸ್ತಕ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುವುದು ನಮ್ಮ ಮನೆಯಲ್ಲಿ ಬರೀ ಗಾದೆಯಲ್ಲ, ನಡೆದುಕೊಂಡು ಬಂದ ಪದ್ಧತಿ. ತೊಟ್ಟಿಲು ಅಟ್ಟದಿಂದ ಇಳಿಯುವುದೂ ಹೆರಿಗೆಯಾದ ಮೇಲೆಯೇ. ಹಾಗಾಗಿ ತಂಗಿ ಏಳನೆಯ ತಿಂಗಳಲ್ಲಿ ಫೋನ್ ಮಾಡಿ, "ಅಕ್ಕಾ, ಮಗೂಗೆ ಪುಸ್ತಕ ತಗೊಳ್ಳೋಕೆ ಶುರು ಮಾಡ್ಲಾ? ಅಮ್ಮ ಬೈತಾರಾ?" ಎಂದಾಗ ನಾನೂ ಅರೆಗಳಿಗೆ ತಡೆದೆ. ಕೊನೆಗೆ ಅಮ್ಮನನ್ನೇ ಕೇಳಿದೆವು. "ಪುಸ್ತಕ ಅಂದ್ರೆ ಸರಸ್ವತಿ ಅಲ್ವೇನ್ರೇ, ಅದಕ್ಕೆಂಥಾ ದೋಷ?" ಎಂದರು. ಅಲ್ಲಿಂದ ಎರಡು ತಿಂಗಳು ನಾವಿಬ್ಬರೂ ಅಂಗಡಿ ಅಂಗಡಿ ತಿರುಗಿದೆವು. ಆಗ ಕಲಿತದ್ದನ್ನು ಈಗ ಬಸುರಿಯರಿಗೂ ಅವರ ಗಂಡಂದಿರಿಗೂ ಹೇಳಬೇಕೆನಿಸಿದೆ.

ಮೊದಲು ತಿಳಿಯಬೇಕಾದದ್ದು, ಈ ಪುಸ್ತಕಗಳನ್ನು ಮಗು ಕಣ್ಣಿಗಿಂತ ಮೊದಲು ಕಿವಿಯಿಂದ ಓದುತ್ತದೆ. ಹೊಟ್ಟೆಯೊಳಗಿನ ಕೂಸಿಗೆ ಕೊನೆಯ ಮೂರು ತಿಂಗಳು ಹೊರಗಿನ ಮಾತು ಕೇಳಿಸುತ್ತಿರುತ್ತದೆ. 1986ರಲ್ಲಿ ಅಮೆರಿಕದ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ತುಂಬುಬಸುರಿಯರು ಕೊನೆಯ ಆರು ವಾರ ಮಕ್ಕಳ ಕತೆಯ ಒಂದೇ ಭಾಗವನ್ನು ದಿನಾ ಗಟ್ಟಿಯಾಗಿ ಓದಿದ್ದರು. ಹುಟ್ಟಿದ ಕೆಲವೇ ದಿನಕ್ಕೆ ಆ ಹಸುಗೂಸುಗಳು ಹೊಸ ಕತೆಗಿಂತ ಆ ಕತೆಯನ್ನೇ ಕೇಳಲು ಬಯಸಿದವು, ಬೇರೆ ಹೆಂಗಸಿನ ದನಿಯಲ್ಲಿ ಕೇಳಿಸಿದರೂ ಸರಿ. ಅಂದರೆ ಅಮ್ಮನ ದನಿಯ ಜೊತೆಗೆ ಮಾತಿನ ಲಯವೂ ಒಳಗೆ ಇಳಿದಿತ್ತು.

ಆದ್ದರಿಂದ ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡರೆ ಮೊದಲ ಎರಡು ಪುಟವನ್ನು ಬಾಯಿಬಿಟ್ಟು ಓದಿ. ಸಂಕೋಚ ಬೇಡ. ಮನಸ್ಸಿನಲ್ಲೇ ಓದಿದರೆ ಎಲ್ಲ ಪುಸ್ತಕವೂ ಚೆನ್ನಾಗಿಯೇ ಇರುತ್ತದೆ.

ಕಿವಿ ಹದ ಮಾಡಿಕೊಳ್ಳಲು ಜಿ.ಪಿ. ರಾಜರತ್ನಂ ಅವರ 'ತುತ್ತೂರಿ'ಗಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. ನಮಗೆಲ್ಲ ಬಾಯಿಪಾಠ ಇರುವ ಪದ್ಯ ಅದು. ಗೊತ್ತಿದೆ ಎಂದು ದಾಟಿಹೋಗದೆ ಒಮ್ಮೆ ನಿಂತು ನೋಡಿ. ಸಾಲುಗಳೆಲ್ಲ ನಾಲ್ಕು ನಾಲ್ಕು ಮಾತ್ರೆಯ ನಡೆಯಲ್ಲಿ ಸಾಗುತ್ತವೆ. ಕೂಸನ್ನು ತೊಡೆಯ ಮೇಲೆ ಬೋರಲು ಮಲಗಿಸಿ ಬೆನ್ನು ತಟ್ಟುತ್ತಾ ಹೇಳಿದರೆ ಒಂದು ತಟ್ಟಿಗೆ ಒಂದು ಗಣ ತಾನಾಗಿ ಕೂಡುತ್ತದೆ. ಹುಡುಗನ ಹೆಸರೂ ಅವನ ಆಟಿಕೆಯ ಹೆಸರೂ ಪ್ರಾಸದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ಸಪ್ತಸ್ವರ ಒಮ್ಮೆ ಹತ್ತಿ ಒಮ್ಮೆ ಇಳಿಯುತ್ತದೆ. ಸಂಗೀತ ಕಲಿಯದ ಅಪ್ಪನ ಬಾಯಲ್ಲೂ ಅಲ್ಲಿ ಆರೋಹಣ ಅವರೋಹಣ ಬಂದುಬಿಡುತ್ತದೆ. ಇಷ್ಟೆಲ್ಲ ಆದ ಮೇಲೆ ಕತೆಯಲ್ಲಿ ನಷ್ಟವೂ ಇದೆ: ತುತ್ತೂರಿ ಕೊಳಕ್ಕೆ ಜಾರುತ್ತದೆ, ದನಿ ಹೋಗುತ್ತದೆ, ಬಣ್ಣವೂ ಹೋಗುತ್ತದೆ. ಮಕ್ಕಳಿಗೆ ಬರೀ ಸಿಹಿ ಕೊಡಬೇಕು ಎಂದು ರಾಜರತ್ನಂ ಅಂದುಕೊಳ್ಳಲಿಲ್ಲ. ನಡೆ, ಪ್ರಾಸ, ಒಂದು ಘಟನೆ, ಒಂದಿಷ್ಟು ನೋವು, ಎಲ್ಲವೂ ಒಂದೇ ಪುಟದಲ್ಲಿ. ಈ ಅಳತೆಗೋಲು ಕೈಯಲ್ಲಿದ್ದರೆ ಇವತ್ತು ಅಚ್ಚಾಗುವ ಶಿಶುಗೀತೆಗಳಲ್ಲಿ ಜೊಳ್ಳು ಯಾವುದು, ಕಾಳು ಯಾವುದು ಎಂದು ನಿಮಗೇ ತಿಳಿಯುತ್ತದೆ. ಪ್ರಾಸ ಸಿಕ್ಕಿತೆಂದು ಅರ್ಥವಿಲ್ಲದ ಪದ ತಂದು ತುರುಕಿದ ಪದ್ಯ ಎರಡನೆಯ ಸಲಕ್ಕೇ ನಾಲಿಗೆಯಲ್ಲಿ ತೊಡಕುತ್ತದೆ. ಮಗುವಿನ ಪುಸ್ತಕವನ್ನು ನೀವು ಇನ್ನೂರು ಸಲ ಓದಬೇಕಾಗುತ್ತದೆ ಎಂಬುದು ನೆನಪಿರಲಿ.

ರಾಜರತ್ನಂ ಜೊತೆಗೆ ಪಂಜೆ ಮಂಗೇಶರಾಯರು, ದಿನಕರ ದೇಸಾಯಿ, ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ, ಎಚ್.ಎಸ್. ವೆಂಕಟೇಶಮೂರ್ತಿ, ಇಷ್ಟು ಜನರ ಮಕ್ಕಳ ಪದ್ಯಗಳು ಮನೆಯಲ್ಲಿದ್ದರೆ ಮೊದಲ ವರ್ಷಕ್ಕೆ ಧಾರಾಳವಾಯಿತು. ಪಂಜೆಯವರ 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಕತೆಯನ್ನು ಮಾತ್ರ ಮರೆಯಬೇಡಿ. ಒಂದು ಪ್ರಶ್ನೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಾ ಹೋಗುವ ಕತೆ ಅದು. ಮಾತು ಕಲಿಯುವ ಮಗುವಿಗೆ ಮುಂದಿನ ಪ್ರಶ್ನೆ ಏನೆಂದು ಮೊದಲೇ ಗೊತ್ತಿರುವುದೇ ದೊಡ್ಡ ಖುಷಿ.

ಇನ್ನು ಅನುವಾದಗಳು. ಕನ್ನಡದ ಚಿತ್ರಪುಸ್ತಕಗಳಲ್ಲಿ ಬೇರೆ ಭಾಷೆಯಿಂದ ಬಂದವೂ ಬಹಳ ಇವೆ, ಅದರಲ್ಲಿ ತಪ್ಪೇನಿಲ್ಲ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಬ್ರೌನಿಂಗ್ ಕವಿಯ ಪದ್ಯದಿಂದ ಹುಟ್ಟಿದ್ದು. ಆದರೆ ಜರ್ಮನಿಯ ಊರು ಅಲ್ಲಿ ಬೊಮ್ಮನಹಳ್ಳಿಯಾಗಿದೆ, ಕೊಳಲೂದುವವನು ಕಿಂದರಿಜೋಗಿಯಾಗಿದ್ದಾನೆ. ಒಳ್ಳೆಯ ಅನುವಾದ ಯಾವುದೆಂಬ ಪರೀಕ್ಷೆ ಸುಲಭ. "ಪುಟ್ಟ ಕರಡಿಯು ತನ್ನ ತಾಯಿಯ ಕಡೆಗೆ ವೇಗವಾಗಿ ಓಡಿತು ಮತ್ತು ಅವಳನ್ನು ಬಿಗಿಯಾಗಿ ಅಪ್ಪಿಕೊಂಡಿತು" ಎಂದಿದ್ದರೆ ಪುಸ್ತಕ ಕೆಳಗಿಡಿ. "ಕರಡಿಮರಿ ಓಡೋಡಿ ಬಂತು, ಅಮ್ಮನ ಮಡಿಲಿಗೆ ಬಿತ್ತು" ಎಂದಿದ್ದರೆ ಎತ್ತಿಟ್ಟುಕೊಳ್ಳಿ. 'ವೇಗವಾಗಿ' ಎನ್ನುವ ಕಡೆ ನಮ್ಮಲ್ಲಿ 'ಓಡೋಡಿ' ಇದೆ, 'ದಡದಡ' ಇದೆ, 'ಬುರ್ರನೆ' ಇದೆ. ಅನುಕರಣ ಪದಗಳೇ ಕನ್ನಡದ ಕೂಸುಗಳ ಮೊದಲ ನಿಘಂಟು.

ಪುಸ್ತಕದ ಕನ್ನಡ ನಿಮ್ಮ ಮನೆಯ ಕನ್ನಡ ಅಲ್ಲದಿದ್ದರೆ? ಧಾರವಾಡದ ಅಜ್ಜಿ ಓದುವಾಗ 'ಮಗು' ಎಂದಿರುವಲ್ಲಿ 'ಕೂಸು' ಎನ್ನಲಿ, 'ಬಂದಿದೆ' ಎನ್ನುವ ಕಡೆ 'ಬಂದೈತಿ' ಎನ್ನಲಿ. ತಂಗಿಯ ಅತ್ತೆ ಉತ್ತರ ಕನ್ನಡದ ಕಡೆಯವರು. ಅವರು ಪೆನ್ಸಿಲಿನಲ್ಲಿ ಪುಟದ ಅಂಚಿಗೆ ತಮ್ಮ ಮಾತುಗಳನ್ನು ಬರೆದುಕೊಂಡಿದ್ದಾರೆ. ಆ ಪ್ರತಿಗಳನ್ನು ನಾನು ಅಚ್ಚಿನ ಪ್ರತಿಗಿಂತ ಮೇಲೆಂದು ಎಣಿಸುತ್ತೇನೆ.

ಚಿತ್ರಗಳ ವಿಷಯಕ್ಕೆ ಬರೋಣ. ಚಿತ್ರಪುಸ್ತಕವನ್ನು ಮೊದಲ ಸಲ ನೋಡುವಾಗ ಅಕ್ಷರದ ಮೇಲೆ ಕೈ ಮುಚ್ಚಿ ಬರೀ ಚಿತ್ರ ನೋಡುತ್ತಾ ಕೊನೆಯವರೆಗೆ ಹೋಗಿ. ಕತೆ ಅರ್ಧದಷ್ಟಾದರೂ ತಿಳಿಯಬೇಕು. ಪೂರ್ತಿ ತಿಳಿದುಬಿಟ್ಟರೆ ಮಾತಿಗೆ ಕೆಲಸವಿಲ್ಲ, ಏನೂ ತಿಳಿಯದಿದ್ದರೆ ಚಿತ್ರಕ್ಕೆ ಕೆಲಸವಿಲ್ಲ. ಆಮೇಲೆ ಪುಟ ತಿರುಗುವ ಜಾಗ ಗಮನಿಸಿ. ರೋಹಿಣಿ ನಿಲೇಕಣಿ ಅವರು ಬರೆದ ಶೃಂಗೇರಿ ಶ್ರೀನಿವಾಸನ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಉದ್ದ ಕೂದಲಿನ ಶ್ರೀನಿವಾಸನಿಗೆ ವರ್ಷಕ್ಕೊಮ್ಮೆ ಕ್ಷೌರ. ಆ ದಿನ ಯಾರಿಗೂ ಪುರುಸೊತ್ತಿಲ್ಲ. ಕ್ಷೌರದವನು ಆಗಲ್ಲ ಅನ್ನುತ್ತಾನೆ, ಹೆಂಡತಿ ಆಗಲ್ಲ ಅನ್ನುತ್ತಾಳೆ, ದರ್ಜಿಯೂ ಅಷ್ಟೇ, ಬಡಗಿಯೂ ಅಷ್ಟೇ. ಒಂದೊಂದು ನಿರಾಕರಣೆಗೂ ಪುಟ ತಿರುವಿದಾಗ 'ಇವರಾದರೂ?' ಎಂಬ ಆಸೆ ಹುಟ್ಟುತ್ತದೆ. ಅವನು ಕಾಡಿನ ಕಡೆ ಹೊರಟ ಮೇಲೆ ಏನಾಯಿತೆಂಬುದನ್ನು ಪುಸ್ತಕವೇ ಹೇಳಲಿ. ಮಾತೇ ಇಲ್ಲದ ಚಿತ್ರಪುಸ್ತಕಗಳೂ ಉಂಟು. ನ್ಯಾಷನಲ್ ಬುಕ್ ಟ್ರಸ್ಟಿಗಾಗಿ ಮಂಜುಳಾ ಪದ್ಮನಾಭನ್ ಮಾಡಿದ ಸಿಟಿ ಮಾರ್ಕೆಟ್ಟಿನ ಪುಸ್ತಕ ಅಂಥದ್ದು. ಓದು ಬಾರದ ಅಜ್ಜ ಅಜ್ಜಿಯರಿಗೂ ಮೊಮ್ಮಗುವಿಗೂ ಅಂಥ ಒಂದು ಪುಸ್ತಕ ಇರಲೇಬೇಕು.

ಹಸುಗೂಸಿಗೆ ಹುಟ್ಟಿದ ಹೊಸತರಲ್ಲಿ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದ ವಸ್ತು. ಒಂದು ಗೇಣು ಚಿಲ್ಲರೆ, ಹಾಲು ಕುಡಿಯುವಾಗ ಅಮ್ಮನ ಮುಖ ಇರುವಷ್ಟು ದೂರ. ಕಪ್ಪು ಬಿಳುಪಿನ ದಪ್ಪ ಗೆರೆಯ ಚಿತ್ರಗಳು ಆಗ ಹಿಡಿಸುತ್ತವೆ. ಅಂಥದ್ದೊಂದು ರಟ್ಟಿನ ಪುಸ್ತಕ ಸಾಕು. ನೀವೇ ಬಿಳಿ ರಟ್ಟಿನ ಮೇಲೆ ಮಸಿಯಲ್ಲಿ ಚುಕ್ಕಿ ರಂಗೋಲಿ ಬರೆದರೂ ಆಯಿತು.

ಮಗು ಕೂರಲು ಕಲಿತ ಮೇಲೆ ಪುಸ್ತಕ ಬಾಯಿಗೆ ಹೋಗುತ್ತದೆ. ಆಗ ದಪ್ಪ ರಟ್ಟಿನದು, ಬಟ್ಟೆಯದು ಬೇಕು. ಕನ್ನಡದಲ್ಲಿ ಅಂಥವು ಕಡಿಮೆ, ಕಂಡಾಗ ಬಿಡಬೇಡಿ. ತೆಳು ಪುಸ್ತಕಗಳ ನಡುವಿನ ಪಿನ್ನು ಸಡಿಲವಾಗಿದೆಯೇ ಎಂದು ಬೆರಳಾಡಿಸಿ ನೋಡಿ. ನಾನು ಪಿನ್ನು ಕಿತ್ತು ದಾರದಲ್ಲಿ ಹೊಲಿದು ಕೊಟ್ಟಿದ್ದೇನೆ. ಹಾಗೆಯೇ ಒತ್ತಕ್ಷರ ನೋಡಿ. ಒಮ್ಮೆ ಮುಖಪುಟ ನೋಡಿ ಆನ್‌ಲೈನಿನಲ್ಲಿ ತರಿಸಿದ ಪುಸ್ತಕದಲ್ಲಿ ಒತ್ತುಗಳು ಕೆಳಗಿನ ಸಾಲಿಗೆ ಬಡಿದು ಮಸಿ ಕಲಸಿತ್ತು. ನಮಗೇ ಓದಲಾಗದ್ದು, ನಾಲ್ಕು ವರ್ಷದ ನಂತರ ಅಕ್ಷರ ಕೂಡಿಸುವ ಮಗುವಿಗೆ ಹೇಗೆ ಆದೀತು?

ಕತೆಯ ಕೊನೆಗೆ 'ನೀತಿ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಪುಸ್ತಕಗಳನ್ನು ನಾನು ಕೊಳ್ಳುವುದಿಲ್ಲ. ವರ್ಣಮಾಲೆಯ ಪುಸ್ತಕ ನೆಂಟರು ತಂದೇ ತರುತ್ತಾರೆ, ಅದಕ್ಕೆ ನಿಮ್ಮ ದುಡ್ಡು ಬೇಡ.

ಎಲ್ಲಿ ಸಿಗುತ್ತವೆ ಎಂದರೆ, 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್, ಚೆನ್ನೈನ ತೂಲಿಕಾ, ಬೆಂಗಳೂರಿನ ಪ್ರಥಮ್ ಬುಕ್ಸ್ ಮತ್ತು ನವಕರ್ನಾಟಕ, ಇವರ ಪಟ್ಟಿಗಳನ್ನು ಮೊದಲು ನೋಡಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕತೆಗಳನ್ನು ಚಿತ್ರಸಮೇತ ಪುಕ್ಕಟೆ ಓದಬಹುದು. ಬಾಣಂತನಕ್ಕೆ ಮೊದಲು ಗಂಡ ಹೆಂಡತಿ ರಾತ್ರಿ ಒಂದೊಂದು ಕತೆ ಫೋನಿನಲ್ಲಿ ಓದಿ, ಇಷ್ಟವಾದದ್ದನ್ನು ಮಾತ್ರ ಅಚ್ಚಿನಲ್ಲಿ ಕೊಳ್ಳಿ. ತೂಲಿಕಾದಲ್ಲಿ ಇಂಗ್ಲಿಷ್ ಕನ್ನಡ ಎರಡೂ ಒಂದೇ ಪುಟದಲ್ಲಿರುವ ಪುಸ್ತಕಗಳಿವೆ. ಡಲ್ಲಾಸಿನಲ್ಲೋ ಲಂಡನ್ನಿನಲ್ಲೋ ಇರುವವರಿಗೆ ಇವು ಅನುಕೂಲ, ಆದರೆ ಅಮ್ಮನ ಮಡಿಲಲ್ಲಿ ಕನ್ನಡದ ಸಾಲನ್ನಷ್ಟೇ ಓದಿ. ಇಂಗ್ಲಿಷನ್ನು ಮಗುವಿಗೆ ಆ ಊರೇ ಕಲಿಸುತ್ತದೆ.

ತವರಿನ ಅಟ್ಟದ ಮೇಲೂ ಒಮ್ಮೆ ಹುಡುಕಿ. ನಮಗೆ ಹಳೆಯ ಚಂದಮಾಮದ ಕಟ್ಟು ಸಿಕ್ಕಿತು, ಜೊತೆಗೆ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕಗಳು. ಇವು ಮಗು ಎಂಟು ಹತ್ತು ವರ್ಷದ್ದಾದಾಗ ಬೇಕಾಗುತ್ತವೆ. ಬಿಸಿಲಿಗೆ ಹಾಕಿ, ಬೇವಿನೆಲೆ ಇಟ್ಟು ಕಪಾಟಿನ ಮೇಲಿನ ಅರೆಗೆ ಸೇರಿಸಿ. ಶಿವರಾಮ ಕಾರಂತರ 'ಬಾಲಪ್ರಪಂಚ'ದ ಹಳೆಯ ಸಂಪುಟ ಯಾರ ಮನೆಯಲ್ಲಾದರೂ ಇದ್ದರೆ ಕೇಳಿ ಪಡೆಯಿರಿ. 1936ರಲ್ಲಿ ಮಕ್ಕಳಿಗಾಗಿ ಒಂದು ವಿಶ್ವಕೋಶವನ್ನೇ ಬರೆದ ಮನುಷ್ಯನ ಶ್ರದ್ಧೆ ಅದರ ಪುಟಪುಟದಲ್ಲಿದೆ.

ಮಗು ಬರುವ ಹೊತ್ತಿಗೆ ಇಪ್ಪತ್ತು ಪುಸ್ತಕ ಇದ್ದರೆ ಸಾಕು. ಅದಕ್ಕಿಂತ ಹೆಚ್ಚು ಬೇಡ. ಅದರ ಇಷ್ಟ ಯಾವುದೆಂದು ಇನ್ನೂ ನಮಗೆ ಗೊತ್ತಿಲ್ಲ, ಕಪಾಟಿನಲ್ಲಿ ಜಾಗ ಇರಲಿ. ತಂಗಿಯ ಮಗ ಈಗ ಒಂದೂವರೆ ವರ್ಷದವನು. ನಾವು ಆರಿಸಿದ ಇಪ್ಪತ್ತರಲ್ಲಿ ಅವನು ದಿನಾ ಎಳೆದು ತರುವುದು ಮೂರನ್ನು, ಅದರಲ್ಲಿ ಎರಡು ರಾಜರತ್ನಂ ಅವರವು.

ಮುಂದಿನ ಸೀಮಂತಕ್ಕೆ ಹೋಗುವಾಗ ಸೀರೆ, ಬಳೆಯ ಜೊತೆಗೆ ಒಂದು ಮಕ್ಕಳ ಪುಸ್ತಕವನ್ನೂ ತಟ್ಟೆಯಲ್ಲಿಡಿ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಎರಡು ಪುಟ ಗಟ್ಟಿಯಾಗಿ ಓದಿ ನೋಡಿ.