ಫಿಲಡೆಲ್ಫಿಯಾಗೆ ಎರಡೇ ತಾಸು

ನ್ಯೂಜೆರ್ಸಿಯಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋಗಿಬಂದ ಹಿರಿಯರ ಮೊಬೈಲ್ ತೆರೆದರೆ ಫಿಲಡೆಲ್ಫಿಯಾದ ಫೋಟೊಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬಿರುಕು ಬಿಟ್ಟ ಗಂಟೆ, ಇಂಡಿಪೆಂಡೆನ್ಸ್ ಹಾಲ್‌ನ ಗೋಪುರ, ಆಮೇಲೆ ‘ರಾಕಿ’ ಸಿನಿಮಾದ ಮೆಟ್ಟಿಲ ತುದಿಯಲ್ಲಿ ಎರಡೂ ಕೈ ಎತ್ತಿ ನಿಂತ ಭಂಗಿ. ನ್ಯೂಯಾರ್ಕ್, ವಾಷಿಂಗ್ಟನ್, ನಯಾಗರ ಸುತ್ತಿಸುವ ಟೂರ್ ಬಸ್ಸುಗಳೂ ಈ ಊರಿಗೆ ಒಂದೆರಡು ತಾಸಿಗಿಂತ ಹೆಚ್ಚು ಕೊಡುವುದು ಅಪರೂಪ. ಅವಸರದ ಬಗ್ಗೆ ನನ್ನ ತಕರಾರಿಲ್ಲ. ರಜೆ ಕಡಿಮೆ, ಹಿರಿಯರ ಮಂಡಿನೋವೂ ನಿಜ. ಮೇಲಾಗಿ ಹಳೆಯ ಫಿಲಡೆಲ್ಫಿಯಾದ ಮುಖ್ಯ ಜಾಗಗಳೆಲ್ಲ ನಡೆದೇ ಮುಗಿಸುವಷ್ಟು ಹತ್ತಿರದಲ್ಲಿವೆ. ತಕರಾರು ಇರುವುದು ಆ ಎರಡು ತಾಸನ್ನು ಕಳೆಯುವ ರೀತಿಯಲ್ಲಿ.

ಲಿಬರ್ಟಿ ಬೆಲ್ ಮುಂದೆ ಎಲ್ಲರೂ ಬಿರುಕಿನ ಫೋಟೊ ತೆಗೆಯುತ್ತಾರೆ. ಆದರೆ ಕಣ್ಣಿಗೆ ಹೊಡೆಯುವ ಆ ಅಗಲವಾದ ಸೀಳು ತಾನಾಗಿ ಆದದ್ದಲ್ಲ. ಕೂದಲೆಳೆಯಂಥ ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ಉಜ್ಜದಿರಲಿ ಎಂದು 1846ರಲ್ಲಿ ರಿಪೇರಿಯವರೇ ಕೊರೆದು ಅಗಲ ಮಾಡಿದ್ದು. ಸ್ವಲ್ಪ ಹತ್ತಿರ ಹೋಗಿ ನೋಡಿದರೆ ಅಂಚಿನುದ್ದಕ್ಕೂ ಬೈರಿಗೆಯ ಗುರುತುಗಳು ಕಾಣುತ್ತವೆ. ಅಲ್ಲಿಂದ ಮೇಲಕ್ಕೆ, ಕೆತ್ತಿದ ಅಕ್ಷರಗಳನ್ನು ಹಾದು, ಇನ್ನೊಂದು ಸಣ್ಣ ಬಿರುಕು ಹರಿದಿದೆ. ಗಂಟೆಯ ಬಾಯಿ ಕಟ್ಟಿದ್ದು ಅದು. 1776ರ ಜುಲೈ 4ರಂದು ಈ ಗಂಟೆ ಸ್ವಾತಂತ್ರ್ಯವನ್ನು ಸಾರಿತು ಎಂಬುದು ಜಾರ್ಜ್ ಲಿಪ್ಪಾರ್ಡ್ ಎಂಬ ಲೇಖಕ 1847ರಲ್ಲಿ ಬರೆದ ಕಥೆಯಿಂದ ಹಬ್ಬಿದ ನಂಬಿಕೆ. ಬರೀ ಶಾಸನಸಭೆಯ ಗಂಟೆಯಾಗಿದ್ದದ್ದನ್ನು 1830ರ ದಶಕದಲ್ಲಿ ‘ಲಿಬರ್ಟಿ ಬೆಲ್’ ಎಂದು ಕರೆದು ಲಾಂಛನವಾಗಿಸಿದವರು ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದವರು. ಫೋಟೊ ತೆಗೆದು ಹೊರಡುವವರಿಗೆ ಈ ಸಂಗತಿ ಸಿಗುವುದೇ ಇಲ್ಲ. ನನಗಂತೂ ಗಂಟೆಗಿಂತ ಇದೇ ದೊಡ್ಡದು.

ಇನ್ನೂ ದೊಡ್ಡ ನಷ್ಟ ಆಗುವುದು ಬಾಗಿಲ ಹೊರಗೆ. ಗಂಟೆಯ ಕಟ್ಟಡಕ್ಕೆ ಅಂಟಿಕೊಂಡಂತೆ, ಆರನೇ ಬೀದಿ ಮತ್ತು ಮಾರ್ಕೆಟ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ, ಛಾವಣಿಯಿಲ್ಲದ ಅರೆಬರೆ ಇಟ್ಟಿಗೆ ಗೋಡೆಗಳ ಒಂದು ಜಾಗವಿದೆ. ಫಿಲಡೆಲ್ಫಿಯಾ ದೇಶದ ರಾಜಧಾನಿಯಾಗಿದ್ದಾಗ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಇಲ್ಲಿದ್ದ ಮನೆಯಲ್ಲಿ ವಾಸವಾಗಿದ್ದರು. ಅವರು ಇಲ್ಲಿ ಗುಲಾಮರಾಗಿ ಇಟ್ಟುಕೊಂಡಿದ್ದ ಒಂಬತ್ತು ಜನರ ಹೆಸರುಗಳನ್ನು ಇಲ್ಲಿಯ ಕಲ್ಲಿನಲ್ಲಿ ಕೆತ್ತಿದ್ದಾರೆ. ಹೊರಗಿನವರು ತಂದ ಗುಲಾಮರು ಆರು ತಿಂಗಳು ಇಲ್ಲೇ ಇದ್ದರೆ ಬಿಡುಗಡೆ ಪಡೆಯಬಹುದೆಂದು ಪೆನ್ಸಿಲ್ವೇನಿಯಾದ 1780ರ ಕಾಯ್ದೆ ಹೇಳುತ್ತಿತ್ತು. ಆ ಗಡುವು ತುಂಬದಂತೆ ವಾಷಿಂಗ್ಟನ್ ತಮ್ಮ ಗುಲಾಮರನ್ನು ಸರದಿಯ ಮೇಲೆ ರಾಜ್ಯದಿಂದಾಚೆ ಕಳಿಸಿ ಕರೆಸಿಕೊಳ್ಳುತ್ತಿದ್ದರು. ತಪ್ಪಿಸಿಕೊಂಡ ಗುಲಾಮರನ್ನು ಹಿಡಿದು ಒಪ್ಪಿಸುವ 1793ರ ಕಾಯ್ದೆಗೆ ಸಹಿ ಹಾಕಿದವರೂ ಅವರೇ. 1796ರ ಮೇ ತಿಂಗಳಲ್ಲಿ, ಮನೆಯವರು ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ, ಓನಿ ಜಡ್ಜ್ ಎಂಬ ಯುವತಿ ಈ ಮನೆಯಿಂದ ಹೊರಟುಹೋದಳು. ಹಿಡಿದುಕೊಟ್ಟವರಿಗೆ ಹತ್ತು ಡಾಲರ್ ಇನಾಮು ಎಂದು ಪತ್ರಿಕೆಯಲ್ಲಿ ಜಾಹೀರಾತು ಬಂತು. ಆಕೆ ಸಿಗಲಿಲ್ಲ. ನ್ಯೂಹ್ಯಾಂಪ್‌ಶೈರ್‌ನಲ್ಲಿ ಬಡತನದಲ್ಲೇ, ಆದರೆ ಯಾರ ಕೈಗೂ ಸಿಗದೆ, 1848ರವರೆಗೆ ಬದುಕಿದಳು.

ಈ ಜಾಗ ಬೇಕೋ ಬೇಡವೋ ಎಂಬ ಜಗಳ ಮುಗಿದಿಲ್ಲ. 2026ರ ಜನವರಿಯಲ್ಲಿ ಇಲ್ಲಿನ ವಿವರಣಾ ಫಲಕಗಳನ್ನು ಕೇಂದ್ರ ಸರ್ಕಾರ ತೆಗೆಸಿತು, ನಗರಾಡಳಿತ ಕೋರ್ಟಿಗೆ ಹೋಯಿತು. ಆಳುವವರು ಇಷ್ಟೊಂದು ತಲೆಕೆಡಿಸಿಕೊಳ್ಳುವ ಮೂಲೆಯನ್ನು ನಮ್ಮವರು ಗಂಟೆಯ ಕ್ಯೂ ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತ ದಾಟಿಬಿಡುತ್ತಾರಲ್ಲ, ಅದು ನನಗೆ ನಿಜವಾಗಿ ನೋವಿನ ಸಂಗತಿ.

ಇಂಡಿಪೆಂಡೆನ್ಸ್ ಹಾಲ್ ಬಗ್ಗೆ ಎರಡು ಮಾತಿಲ್ಲ, ಅದನ್ನು ಒಳಗೆ ಹೋಗಿಯೇ ನೋಡಬೇಕು. ಹೊತ್ತು ಗೊತ್ತುಮಾಡಿದ ಟಿಕೆಟನ್ನು ಮೊದಲೇ ಬುಕ್ ಮಾಡದೆ ಬಂದು ಹೊರಗಿನಿಂದ ಗೋಪುರದ ಫೋಟೊ ತೆಗೆದುಕೊಂಡು ಹೋಗುವವರೇ ಬಹಳ. ಸಭಾಂಗಣ ಅಷ್ಟು ದೊಡ್ಡದೇನಲ್ಲ. ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಎದುರಿಗೆ ವಾಷಿಂಗ್ಟನ್ ಕೂತಿದ್ದ ಕುರ್ಚಿ, ಅದರ ಬೆನ್ನಿನ ತುದಿಯಲ್ಲಿ ಕೆತ್ತಿದ ಅರ್ಧ ಸೂರ್ಯ. 1776ರ ಸ್ವಾತಂತ್ರ್ಯ ಘೋಷಣೆಯನ್ನು ಒಪ್ಪಿದ್ದು ಈ ಕೊಠಡಿಯಲ್ಲಿ. 1787ರಲ್ಲಿ ಸಂವಿಧಾನ ರೂಪಿಸಿದ್ದೂ, ಪ್ರತಿನಿಧಿಗಳ ಲೆಕ್ಕಕ್ಕೆ ಗುಲಾಮರನ್ನು ಐದರಲ್ಲಿ ಮೂರು ಪಾಲಿನಷ್ಟೇ ಎಣಿಸಬೇಕೆಂದು ಒಪ್ಪಂದಕ್ಕೆ ಬಂದದ್ದೂ ಇಲ್ಲೇ. ಓನಿ ಜಡ್ಜ್ ಇದ್ದ ಮನೆಯ ಜಾಗವನ್ನು ಮೊದಲು ನೋಡಿ, ಆಮೇಲೆ ಗಂಟೆ ನೋಡಿ, ಕೊನೆಗೆ ಈ ಕೊಠಡಿಗೆ ಬಂದವರಿಗೆ ಗೈಡ್ ಹೇಳುವ ಮಾತು ಬೇರೆಯೇ ಅರ್ಥ ಕೊಡುತ್ತದೆ. ನಾನು ಸೂಚಿಸುವ ಕ್ರಮ ಇದೇ. ಇದಕ್ಕೆ ಒಂದು ನಿಮಿಷವೂ ಹೆಚ್ಚು ಬೇಕಿಲ್ಲ.

ಇನ್ನು ರಾಕಿ ಮೆಟ್ಟಿಲು. 1976ರ ಸಿನಿಮಾ ನನಗೂ ಇಷ್ಟ. ಆದರೆ ಈ 72 ಮೆಟ್ಟಿಲು ಹಳೆಯ ಊರಿನಿಂದ ಮೂರು ಕಿಲೋಮೀಟರಿಗೂ ದೂರ. ಅಷ್ಟು ದೂರ ಹೋಗಿ, ಮೆಟ್ಟಿಲು ಹತ್ತಿ, ಮೇಲಿರುವ ಕಲಾ ಮ್ಯೂಸಿಯಮ್ಮಿನ ಬಾಗಿಲಿಗೆ ಬೆನ್ನು ತಿರುಗಿಸಿ ಫೋಟೊ ತೆಗೆದುಕೊಂಡು ಇಳಿದುಬರುತ್ತಾರೆ. ಆ ಬಾಗಿಲ ಒಳಗೆ ಮದುರೆಯಿಂದ ಹೋದ ಹದಿನಾರನೇ ಶತಮಾನದ ಒಂದು ದೇವಸ್ಥಾನದ ಮಂಟಪವೇ ನಿಂತಿದೆ. ಮದುರೆಯ ನಾಯಕರು ವಿಜಯನಗರದ ಅರಸರಿಗೆ ನಡೆದುಕೊಳ್ಳುತ್ತಿದ್ದ ಕಾಲದ ಕೆಲಸ ಅದು. ಹಂಪಿಯ ಕಂಬಗಳನ್ನು ನೋಡಿ ಬೆಳೆದವರಿಗೆ ಅದರ ಪರಿಚಯ ಮಾಡಿಕೊಡಬೇಕಾದ್ದೇನೂ ಇಲ್ಲ. 1912ರಲ್ಲಿ ಒಬ್ಬ ಅಮೆರಿಕನ್ ಮಹಿಳೆ ಅದರ ಕಲ್ಲುಗಳನ್ನು ಕೊಂಡುಕೊಂಡರು, ಅವರ ಮನೆಯವರು ಮ್ಯೂಸಿಯಮ್ಮಿಗೆ ಕೊಟ್ಟರು. ದೇವಸ್ಥಾನದ ಕಲ್ಲು ಇಷ್ಟು ದೂರ ಬಂದದ್ದು ಸರಿಯೋ ಎಂದು ಕೇಳುವುದಕ್ಕಾದರೂ ಒಳಗೆ ಹೋಗಬೇಕು. ಅಷ್ಟು ಹೊತ್ತಿಲ್ಲ ಎನ್ನುವವರು ಮೆಟ್ಟಿಲನ್ನೇ ಬಿಡಲಿ. ಹೋಗಿಬರುವ ಹೊತ್ತು ಉಳಿದರೆ ಇಂಡಿಪೆಂಡೆನ್ಸ್ ಹಾಲ್‌ನ ಒಳಗೂ ಹೋಗಬಹುದು, ಆರನೇ ಬೀದಿಯ ಮೂಲೆಯಲ್ಲಿ ಆ ಒಂಬತ್ತು ಹೆಸರುಗಳನ್ನು ನಿಂತು ಓದಲೂ ಬಹುದು.