ಐತಿಹ್ಯ ಮತ್ತು ದಾಖಲೆ: ಅಮೆರಿಕದ ಜರ್ಮನ್ ವಲಸೆ ಕುಟುಂಬಗಳ ವಂಶಶೋಧನೆಯನ್ನು ಕುರಿತು

ಅಮೆರಿಕ ಸಂಯುಕ್ತ ಸಂಸ್ಥಾನದ 2000ದ ಜನಗಣತಿಯಲ್ಲಿ ಸುಮಾರು 4 ಕೋಟಿ 28 ಲಕ್ಷ ಜನರು ತಮ್ಮದು ಜರ್ಮನ್ ಮೂಲವೆಂದು ಬರೆಯಿಸಿದ್ದರು. ಆ ಗಣತಿಯಲ್ಲಿ ಬೇರಾವ ಮೂಲವನ್ನು ಹೇಳಿಕೊಂಡವರ ಸಂಖ್ಯೆಯೂ ಇಷ್ಟು ದೊಡ್ಡದಾಗಿರಲಿಲ್ಲ. ಆದರೆ ಇವರಲ್ಲಿ ಬಹುಪಾಲು ಕುಟುಂಬಗಳಿಂದ ಜರ್ಮನ್ ಮನೆಮಾತು ಕಳಚಿಹೋಗಿ ತಲೆಮಾರುಗಳೇ ಸಂದಿವೆ. ಆಮಿಶ್ ಮೊದಲಾದ ಕೆಲವು ಪಂಗಡಗಳಲ್ಲಿ ಮಾತ್ರ ಅದು ಉಳಿದುಕೊಂಡಿದೆ. ಭಾಷೆ ಹೋಗಿ ಮೂಲದ ನೆನಪಷ್ಟೇ ಉಳಿದ ಈ ಸ್ಥಿತಿಯಲ್ಲಿ ವಂಶಶೋಧನೆ ಒಂದು ವ್ಯಾಪಕ ಚಟುವಟಿಕೆಯಾಗಿ ಬೆಳೆದಿದೆ. ಅದಕ್ಕೆಂದೇ ರಚಿತವಾದ ಕೈಪಿಡಿಗಳು ಸಾಮಾನ್ಯವಾಗಿ ಒಂದೇ ಕ್ರಮವನ್ನು ಬೋಧಿಸುತ್ತವೆ: ಮೊದಲು ಮನೆಯ ಹಿರಿಯರನ್ನು ಕೇಳಬೇಕು, ಅವರು ಹೇಳಿದ್ದನ್ನು ದಾಖಲೆಯೊಡನೆ ತಾಳೆ ನೋಡಬೇಕು, ತಾಳೆಯಾಗದ್ದನ್ನು ಕೈಬಿಡಬೇಕು. ಮೊದಲ ಎರಡು ಮಾತುಗಳನ್ನು ಜಾನಪದ ವಿದ್ವಾಂಸರು ಒಪ್ಪುತ್ತಾರೆ. ಮೂರನೆಯದು ಮಾತ್ರ ಮರುಪರಿಶೀಲನೆಗೆ ಅರ್ಹವಾದದ್ದು.

ಕರ್ನಾಟಕದಲ್ಲಿ ವಂಶಾವಳಿಯನ್ನು ಕಾಪಾಡುವ ಹೊಣೆ ಹೆಳವರಂತಹ ವೃತ್ತಿಪರ ಸಮುದಾಯದ್ದಾಗಿತ್ತು. ಒಕ್ಕಲಿನ ಮನೆಬಾಗಿಲಿಗೆ ಬಂದು ಆ ಮನೆತನದ ತಲೆಮಾರುಗಳನ್ನು ಹೆಸರು ಹಿಡಿದು ಹೇಳುವವನು ಕುಟುಂಬದ ಹೊರಗಿನವನು. ಹೇಳುವುದು ಅವನ ಕುಲವೃತ್ತಿ. ಸಮುದ್ರ ದಾಟಿದ ಜರ್ಮನ್ ರೈತನಿಗೆ ಅಂತಹ ವಾಚಕನಿರಲಿಲ್ಲ. ಅವನ ವಂಶದ ಕಥೆಯನ್ನು ಅವನ ಮಕ್ಕಳು ಮೊಮ್ಮಕ್ಕಳೇ ಹೇಳಬೇಕಾಯಿತು. ಹೇಳುವವರೂ ಕೇಳುವವರೂ ಕಥೆಯ ಪಾತ್ರಗಳೂ ಒಂದೇ ಮನೆಯವರಾದಾಗ ಕಥೆಯಲ್ಲಿ ಏನು ಉಳಿಯುತ್ತದೆ, ಏನು ಮರೆಯಾಗುತ್ತದೆ ಎಂಬುದು ಬೇರೆಯೇ ಒಂದು ನಿಯಮಕ್ಕೆ ಒಳಪಡುತ್ತದೆ.

ಇಂತಹ ಕುಟುಂಬ ಐತಿಹ್ಯಗಳಲ್ಲಿ ಕೆಲವು ಆಶಯಗಳು ಮನೆಯಿಂದ ಮನೆಗೆ ಮರುಕಳಿಸುತ್ತವೆ. ಮೂವರು ಅಣ್ಣತಮ್ಮಂದಿರು ಒಂದೇ ಹಡಗಿನಲ್ಲಿ ಬಂದರು, ಒಬ್ಬ ಉತ್ತರಕ್ಕೆ, ಒಬ್ಬ ದಕ್ಷಿಣಕ್ಕೆ, ಒಬ್ಬ ಪಶ್ಚಿಮಕ್ಕೆ ಹೋದ ಎಂಬುದು ಒಂದು. ಮೂವರು ಸೋದರರ ಕಥೆಗಳನ್ನು ಸಂಗ್ರಹಿಸಿದ ಯಾವ ಜಾನಪದ ಸಂಶೋಧಕನಿಗೂ ಇದರ ರಚನೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ದೂರದ ರಾಜ್ಯಗಳಲ್ಲಿ ಅದೇ ಹೆಸರಿನ ಅಪರಿಚಿತರು ಸಿಕ್ಕಾಗ ಅವರನ್ನು ನೆಂಟರನ್ನಾಗಿಸುವ ಕೆಲಸವನ್ನು ಅದು ಮಾಡುತ್ತದೆ. ಪ್ರಷ್ಯದ ಸೈನ್ಯದಿಂದ ತಪ್ಪಿಸಿಕೊಂಡು ಬಂದ ಅಜ್ಜ, ಸಿರಿವಂತ ಮನೆತನದಿಂದ ಹೊರಹಾಕಲ್ಪಟ್ಟ ಮಗ, ತಂದೆತಾಯಿ ಒಪ್ಪದ ಮದುವೆಗಾಗಿ ಓಡಿಬಂದ ಜೋಡಿ ಇವು ಇನ್ನಿತರ ಆಶಯಗಳು. ಆದರೆ ಎಲ್ಲಕ್ಕಿಂತ ಹೆಚ್ಚು ಹಬ್ಬಿರುವುದು ಹೆಸರಿನ ಐತಿಹ್ಯ: ‘ನಮ್ಮ ಹೆಸರು ಮೊದಲು ಬೇರೆ ಇತ್ತು; ಎಲ್ಲಿಸ್ ದ್ವೀಪದ ಅಧಿಕಾರಿ ಅದನ್ನು ಬದಲಿಸಿಬಿಟ್ಟ.’

ಈ ಐತಿಹ್ಯ ದಾಖಲೆಯ ಮುಂದೆ ನಿಲ್ಲುವುದಿಲ್ಲ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸೆ ಕೇಂದ್ರ ತೆರೆದದ್ದು 1892ರ ಜನವರಿ 1ರಂದು. ಜರ್ಮನರ ವಲಸೆ ತುತ್ತತುದಿಗೆ ಏರಿದ್ದು ಅದಕ್ಕೆ ಹತ್ತು ವರ್ಷ ಮೊದಲು, 1882ರಲ್ಲಿ. ಆ ಒಂದೇ ವರ್ಷ ಸುಮಾರು ಎರಡೂವರೆ ಲಕ್ಷ ಜನ ಬಂದಿಳಿದರು. ಅಂದರೆ ಈ ಕಥೆ ಹೇಳುವ ಬಹುತೇಕ ಜರ್ಮನ್ ಕುಟುಂಬಗಳ ಮೂಲಪುರುಷರು ಎಲ್ಲಿಸ್ ದ್ವೀಪವನ್ನು ಕಂಡವರೇ ಅಲ್ಲ. ಅವರು 1855ರಿಂದ 1890ರವರೆಗೆ ನಡೆದ ಕ್ಯಾಸಲ್ ಗಾರ್ಡನ್ ಕೇಂದ್ರದ ಮೂಲಕವೋ, ಬಾಲ್ಟಿಮೋರ್, ಫಿಲಡೆಲ್ಫಿಯ, ನ್ಯೂ ಆರ್ಲಿಯನ್ಸ್ ಬಂದರುಗಳ ಮೂಲಕವೋ ಬಂದವರು. ಅಷ್ಟಲ್ಲದೆ, ಎಲ್ಲಿಸ್ ದ್ವೀಪದ ಅಧಿಕಾರಿಗಳು ಹೆಸರುಗಳನ್ನು ಹೊಸದಾಗಿ ಬರೆದುಕೊಳ್ಳುತ್ತಲೇ ಇರಲಿಲ್ಲ. ಹಡಗಿನ ಕಂಪನಿಯವರು ಹೊರಟ ಬಂದರಿನಲ್ಲಿ ಸಿದ್ಧಪಡಿಸಿದ ಪಟ್ಟಿಯನ್ನು ಮುಂದಿಟ್ಟುಕೊಂಡು, ಬೇಕಾದಾಗ ದುಭಾಷಿಗಳ ನೆರವಿನಿಂದ, ಪ್ರಶ್ನೆ ಕೇಳುವುದಷ್ಟೇ ಅವರ ಕೆಲಸವಾಗಿತ್ತು. ಈ ಕಥೆ ಮನೆಮನೆಗೆ ತಲುಪಿದ್ದರಲ್ಲಿ 1974ರ ‘ಗಾಡ್‌ಫಾದರ್’ ಚಲನಚಿತ್ರದ ಎರಡನೆಯ ಭಾಗಕ್ಕೂ ಪಾಲಿದೆ ಎನ್ನಬೇಕು. ಅಲ್ಲಿ ಇಟಲಿಯ ಹುಡುಗನೊಬ್ಬನಿಗೆ ಅವನ ಊರಿನ ಹೆಸರೇ ಮನೆತನದ ಹೆಸರಾಗಿ ಅಂಟಿಕೊಳ್ಳುತ್ತದೆ. ಒಂದು ವಲಸೆ ಸಮುದಾಯದ ಆಶಯ ಇನ್ನೊಂದಕ್ಕೆ ವಲಸೆ ಹೋಗುವುದು ಹೊಸತೇನಲ್ಲ.

ಕೈಪಿಡಿಗಳು ಇಲ್ಲಿಗೆ ನಿಲ್ಲುತ್ತವೆ. ಕಥೆ ಸುಳ್ಳೆಂದು ಸಿದ್ಧವಾಯಿತು, ಮುಂದಿನ ಅಧ್ಯಾಯಕ್ಕೆ ಹೋಗೋಣ ಎನ್ನುತ್ತವೆ. ಈ ನಿಷ್ಠುರತೆಗೆ ಕಾರಣವಿಲ್ಲದಿಲ್ಲ. ಸಿರಿವಂತರಿಗೆ ಬೇಕಾದಂತೆ ಪೂರ್ವಜರನ್ನು ಹೊಸೆದುಕೊಟ್ಟ ಗುಸ್ತಾವ್ ಆಂಜೂ (1863–1942)ನಂತಹವರ ಕೃತಕ ವಂಶಾವಳಿಗಳಿಂದ ಈ ಕ್ಷೇತ್ರವನ್ನು ಬಿಡಿಸಲು ಶಿಸ್ತಿನ ವಿದ್ವಾಂಸರು ಬಹಳ ಶ್ರಮಪಟ್ಟಿದ್ದಾರೆ. ಆದರೆ ಹಣಕ್ಕಾಗಿ ಹೊಸೆದ ವಂಶಾವಳಿಯನ್ನೂ ಅಜ್ಜಿ ನಂಬಿ ಹೇಳಿದ ಕಥೆಯನ್ನೂ ಒಂದೇ ಬುಟ್ಟಿಗೆ ಹಾಕುವುದು ವಿವೇಕವಲ್ಲ. ಇಟಲಿಯ ವಿದ್ವಾಂಸ ಅಲೆಸ್ಸಾಂಡ್ರೊ ಪೋರ್ತೆಲ್ಲಿ ತೆರ್ನಿ ಪಟ್ಟಣದ ಕಾರ್ಮಿಕರ ನೆನಪುಗಳನ್ನು ಸಂಗ್ರಹಿಸಿದಾಗ, 1949ರಲ್ಲಿ ಪೊಲೀಸರಿಂದ ಹತನಾದ ಕಾರ್ಮಿಕನ ಸಾವನ್ನು ಹಲವರು 1953ರ ಘಟನೆಯೆಂದು ಹೇಳಿದ್ದನ್ನು ಗಮನಿಸಿದರು. 1953 ಕಾರ್ಖಾನೆಯಿಂದ ಸಾವಿರಾರು ಜನರನ್ನು ಹೊರಹಾಕಿದ ವರ್ಷ. ಆ ತಪ್ಪನ್ನು ಅವರು ತಿದ್ದಿ ಮುಂದೆ ಹೋಗಲಿಲ್ಲ. ಏಕೆ ಹೀಗೆ ನೆನಪಿಟ್ಟರು ಎಂದು ಕೇಳಿದರು. ಹೆಸರಿನ ಐತಿಹ್ಯಕ್ಕೂ ಅದೇ ಪ್ರಶ್ನೆ ಸಲ್ಲುತ್ತದೆ. ಅಧಿಕಾರಿ ಬದಲಿಸಲಿಲ್ಲವಾದರೆ ಬದಲಿಸಿದವರಾರು? ಆ ಕೆಲಸವನ್ನು ಅಧಿಕಾರಿಯ ಮೇಲೆ ಹೊರಿಸಿದ್ದು ಯಾಕೆ?

ಮೊದಲ ಪ್ರಶ್ನೆಗೆ ಹಳೆಯ ದಾಖಲೆಗಳಲ್ಲಿ ಒಂದು ಸೊಗಸಾದ ಉತ್ತರವಿದೆ. 1727ರಿಂದ ಫಿಲಡೆಲ್ಫಿಯಕ್ಕೆ ಬಂದಿಳಿದ ಜರ್ಮನ್ ಗಂಡಸರು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕಾಗಿತ್ತು. ಹಡಗಿನ ನಾಯಕನ ಪಟ್ಟಿಯಲ್ಲಿ ಆ ಹೆಸರುಗಳು ಇಂಗ್ಲಿಷ್ ಕಿವಿಗೆ ಕೇಳಿಸಿದಂತೆ ದಾಖಲಾದವು. ಪ್ರಮಾಣಪತ್ರದಲ್ಲಿ ಅಕ್ಷರ ಬಲ್ಲವರು ತಮ್ಮ ಕೈಯಿಂದಲೇ ಸಹಿ ಮಾಡಿದರು. ಬಾರದವರು ಗುರುತು ಹಾಕಿದರು. ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ ಅವರು 1934ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ ಈ ಪಟ್ಟಿಗಳಲ್ಲಿ ಸಹಿಗಳ ಪಡಿಯಚ್ಚೂ ಸೇರಿದೆ. ಒಬ್ಬನೇ ಮನುಷ್ಯ ಪರರ ಕಿವಿಯಲ್ಲಿ ಏನಾಗಿದ್ದ, ತನ್ನ ಕೈಯಲ್ಲಿ ಏನಾಗಿದ್ದ ಎಂಬುದನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಬಹುದಾದ ಇಂತಹ ಆಕರ ವಲಸೆಯ ಚರಿತ್ರೆಯಲ್ಲಿ ಅಪರೂಪ. ಗುಮಾಸ್ತನು ಹೇಗೆ ಬರೆದರೂ ಮನುಷ್ಯ ತನ್ನ ಹೆಸರನ್ನೇ ಬಳಸುತ್ತ ಹೋದದ್ದು ಇಲ್ಲಿ ಸ್ಪಷ್ಟ. ಆದರೆ ಹದಿನಾರು ವರ್ಷ ದಾಟಿದ ಗಂಡಸರಷ್ಟೇ ಪ್ರಮಾಣ ಮಾಡಬೇಕಾಗಿದ್ದುದರಿಂದ ಅದೇ ಹಡಗಿನಲ್ಲಿ ಬಂದ ಹೆಂಗಸರ ಮತ್ತು ಮಕ್ಕಳ ಹೆಸರುಗಳು ಹೆಚ್ಚಿನ ಪಟ್ಟಿಗಳಲ್ಲಿ ಇಲ್ಲ. ಅವರ ಮಟ್ಟಿಗೆ ಕುಟುಂಬದ ಕಥೆಯೇ ಎಷ್ಟೋ ವೇಳೆ ಏಕೈಕ ದಾಖಲೆ.

ಹೆಸರು ಬದಲಾದದ್ದು ಬಂದರಿನಲ್ಲಿ ಅಲ್ಲ, ಆಮೇಲೆ. ಶಾಲೆಯಲ್ಲಿ, ಅಂಗಡಿಯ ಫಲಕದಲ್ಲಿ, ಜಮೀನಿನ ಪತ್ರದಲ್ಲಿ, ಗೋರಿಕಲ್ಲಿನಲ್ಲಿ. ನ್ಯಾಯಾಲಯಕ್ಕೆ ಹೋಗದೆ ಬಳಕೆಯಿಂದಲೇ ಹೆಸರು ಬದಲಿಸಿಕೊಳ್ಳಲು ಅಲ್ಲಿನ ಕಾನೂನು ಅಡ್ಡಿಪಡಿಸುತ್ತಿರಲಿಲ್ಲ. ಮ್ಯೂಲರ್ ಮಿಲರ್ ಆದ. ಶ್ವಾರ್ಟ್ಸ್ ಅರ್ಥಾನುವಾದಗೊಂಡು ಬ್ಲ್ಯಾಕ್ ಆದ. ತ್ಸಿಮ್ಮರ್‌ಮನ್ ಕಾರ್ಪೆಂಟರ್ ಆದ. 1738ರಲ್ಲಿ ಬಂದ ಹೂಬರ್ ಮನೆತನದವರು ಹೂವರ್ ಆಗಿ ಮುಂದೆ ಒಬ್ಬ ಅಧ್ಯಕ್ಷನನ್ನು ಕೊಟ್ಟರು. 1749ರಲ್ಲಿ ಬಂದ ಫೊರ್ಶಿನ್ ಮನೆತನದವರು ಪರ್ಷಿಂಗ್ ಆದರು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ವಿರುದ್ಧ ಅಮೆರಿಕದ ಸೈನ್ಯವನ್ನು ನಡೆಸಿದ ಸೇನಾನಿ ಆ ಮನೆಯವನೇ.

ಎರಡನೆಯ ಪ್ರಶ್ನೆಯ ಉತ್ತರ ಆ ಯುದ್ಧದ ವರ್ಷಗಳಲ್ಲಿ ಸಿಗುತ್ತದೆ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಜರ್ಮನ್ ಮಾತು, ಪತ್ರಿಕೆ, ಸಂಗೀತ ಎಲ್ಲವೂ ಸಂಶಯಕ್ಕೆ ಒಳಗಾದವು. 1918ರ ಏಪ್ರಿಲ್ 5ರಂದು ಇಲಿನಾಯ್ ರಾಜ್ಯದ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರಾಗರ್ ಎಂಬ ಜರ್ಮನ್ ಕಾರ್ಮಿಕನನ್ನು ಗುಂಪೊಂದು ಮರಕ್ಕೆ ನೇತುಹಾಕಿ ಕೊಂದಿತು, ಆರೋಪಿಗಳು ಬಿಡುಗಡೆಯಾದರು. ಮರುತಿಂಗಳು ಅಯೋವಾ ರಾಜ್ಯದ ಗವರ್ನರ್, ಸಾರ್ವಜನಿಕ ಸ್ಥಳದಲ್ಲಿ, ರೈಲಿನಲ್ಲಿ, ದೂರವಾಣಿಯಲ್ಲಿ, ಚರ್ಚಿನ ಪ್ರಾರ್ಥನೆಯಲ್ಲಿಯೂ ಇಂಗ್ಲಿಷಲ್ಲದೆ ಬೇರೆ ಭಾಷೆ ಕೂಡದೆಂದು ಘೋಷಣೆ ಹೊರಡಿಸಿದ. ನೆಬ್ರಾಸ್ಕದಲ್ಲಿ ಎಳೆಯ ಮಕ್ಕಳಿಗೆ ಜರ್ಮನ್ ಕಲಿಸುವುದು ಅಪರಾಧವಾಯಿತು. ಸುಪ್ರೀಂ ಕೋರ್ಟು ಆ ಕಾನೂನನ್ನು ರದ್ದುಗೊಳಿಸಿದ್ದು 1923ರಲ್ಲಿ. ಪೌರತ್ವ ಪಡೆಯದ ಜರ್ಮನರು ಶತ್ರುದೇಶದ ಪ್ರಜೆಗಳೆಂದು ಭಾವಚಿತ್ರ ಮತ್ತು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕಾಯಿತು. ಮದುವೆಯಾದ ಹೆಣ್ಣಿಗೆ ಗಂಡನ ರಾಷ್ಟ್ರೀಯತೆಯನ್ನೇ ಕಟ್ಟಿದ 1907ರ ಕಾನೂನಿನಿಂದಾಗಿ, ಅಮೆರಿಕದಲ್ಲೇ ಹುಟ್ಟಿ ಜರ್ಮನ್ ಪ್ರಜೆಯನ್ನು ಕೈಹಿಡಿದ ಹೆಂಗಸರೂ ಶತ್ರುಗಳ ಪಟ್ಟಿಗೆ ಸೇರಿದರು. ಈ ನೋಂದಣಿ ಪತ್ರಗಳಲ್ಲಿ ಹೆಚ್ಚಿನವು ನಾಶವಾದವು. ಉಳಿದಿರುವ ಕ್ಯಾನ್ಸಸ್ ರಾಜ್ಯದ ಪತ್ರಗಳನ್ನು ವಂಶಶೋಧಕರು ಈಗ ನಿಧಿಯಂತೆ ಕಾಣುತ್ತಾರೆ. ಪೂರ್ವಜರ ಮುಖವನ್ನು ಅವರು ಮೊದಲ ಬಾರಿಗೆ ಕಾಣುವುದು ಅಲ್ಲಿಯೇ ಇರಬಹುದು.

ಈ ಹಿನ್ನೆಲೆಯಲ್ಲಿ ಹೆಸರಿನ ಐತಿಹ್ಯ ಬೇರೆಯೇ ಅರ್ಥ ಪಡೆಯುತ್ತದೆ. ಅಂಜಿಕೆಯಿಂದಲೋ ಮಕ್ಕಳ ಭವಿಷ್ಯದ ಚಿಂತೆಯಿಂದಲೋ ಮನೆಯವರೇ ಕೈಗೊಂಡ ನಿರ್ಧಾರವನ್ನು ಅದು ಹೊರಗಿನವನ ಅಜ್ಞಾನದ ಮೇಲೆ ಹಾಕುತ್ತದೆ. ಅಜ್ಜ ಹೆಸರನ್ನು ಬಿಟ್ಟುಕೊಡಲಿಲ್ಲ, ಅವನಿಂದ ಕಸಿದುಕೊಳ್ಳಲಾಯಿತು. ಹೀಗೆ ಹೇಳಿದಾಗ ಮನೆಯ ಮಾನವೂ ಉಳಿಯುತ್ತದೆ, ಹೊಸ ನಾಡಿನ ಮೇಲೆ ದೊಡ್ಡ ದೂರೂ ಆಗುವುದಿಲ್ಲ. ತಪ್ಪು ಮಾಡಿದವನು ಅಕ್ಷರ ಸರಿಯಾಗಿ ಬಾರದ ಒಬ್ಬ ಗುಮಾಸ್ತ ಮಾತ್ರ. ಎಲ್ಲ ಕುಟುಂಬಗಳಿಗೂ ಈ ವಿವರಣೆ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಯುದ್ಧಕ್ಕೆ ನೂರಾರು ವರ್ಷ ಮೊದಲೇ, ನೆರೆಯವರ ನಾಲಿಗೆಗೆ ಸುಲಭವಾಗಲೆಂದು ಬದಲಾದ ಹೆಸರುಗಳು ಬೇಕಾದಷ್ಟಿವೆ. ಆದರೆ ಗೋರಿಕಲ್ಲಿನ ಕಾಗುಣಿತ 1917ರ ಆಸುಪಾಸಿನಲ್ಲಿ ಬದಲಾಗಿದ್ದು, ಮನೆಯ ಕಥೆ ಮಾತ್ರ ಎಲ್ಲಿಸ್ ದ್ವೀಪವನ್ನು ಹೇಳುತ್ತಿದ್ದರೆ, ಆ ಅಂತರವೇ ಸಂಶೋಧನೆಯ ವಸ್ತು. ಕಥೆಯನ್ನು ಕೈಬಿಟ್ಟ ಶೋಧಕ ಆ ಅಂತರವನ್ನೂ ಕಳೆದುಕೊಳ್ಳುತ್ತಾನೆ.

ಇನ್ನು ದಾಖಲೆಯ ಮಾತು. ಜರ್ಮನಿಯ ಮೂಲದ ಊರು ಸಿಕ್ಕಿತೆಂದರೆ ಶೋಧಕರು ಚರ್ಚಿನ ನೋಂದಣಿ ಪುಸ್ತಕಗಳಿಗೆ ತಲುಪುತ್ತಾರೆ. ಇವುಗಳಲ್ಲಿ ಬಹಳಷ್ಟು 1648ರಲ್ಲಿ ಮುಗಿದ ಮೂವತ್ತು ವರ್ಷಗಳ ಯುದ್ಧದ ನಂತರದವು. ಆದರೆ ಊರು ಸಿಗುವುದೇ ಕಷ್ಟ. 1871ಕ್ಕೆ ಮುಂಚೆ ಜರ್ಮನಿ ಎಂಬ ಒಂದು ರಾಜ್ಯವಿರಲಿಲ್ಲವಾದ್ದರಿಂದ ಅಮೆರಿಕದ ಕಾಗದಗಳಲ್ಲಿ ಪ್ರಷ್ಯ, ಬಾಡೆನ್, ವ್ಯೂರ್ಟೆಂಬರ್ಗ್ ಎಂದಷ್ಟೇ ಇರುತ್ತದೆ. ಇದೇ ವ್ಯೂರ್ಟೆಂಬರ್ಗ್ ಸೀಮೆಯಿಂದ 1816–17ರ ಕ್ಷಾಮದಲ್ಲಿ ಅನೇಕರು ಅಮೆರಿಕಕ್ಕೂ ರಷ್ಯಕ್ಕೂ ಹೊರಟರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹೆಬಿಕ್, ಆಮೇಲೆ ಬಂದ ಮೊಗ್ಲಿಂಗ್ ಅವರ ಹುಟ್ಟುನೆಲವೂ ಅದೇ. ಸಂಸ್ಥೆಯೊಂದು ಕಳುಹಿಸಿದ ಮೊಗ್ಲಿಂಗರ ಊರು ಬ್ರಾಕೆನ್‌ಹೈಮ್, ಹುಟ್ಟಿದ ವರ್ಷ 1811 ಎಂಬುದು ಕನ್ನಡ ಓದುಗರಿಗೂ ದೊರೆಯುತ್ತದೆ. ಹಸಿವಿನಿಂದ ಹೊರಟ ನೇಕಾರನ ಊರು ಅವನ ಮರಿಮಕ್ಕಳಿಗೂ ದೊರೆಯುವುದಿಲ್ಲ.

ಹೆಸರಿನ ಸ್ಥಿರತೆಯೂ ಅಲ್ಲಿ ಹಳೆಯದಲ್ಲ. ವೆಸ್ಟ್‌ಫಾಲಿಯದಲ್ಲಿ ಮನೆಯಳಿಯನಾಗಿ ಹೋದವನು ಆ ಹೊಲಮನೆಯ ಹೆಸರನ್ನೇ ಧರಿಸುತ್ತಿದ್ದ. ಕಿಟೆಲ್ ಅವರು 1832ರಲ್ಲಿ ಹುಟ್ಟಿದ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ತಂದೆಯ ಹೆಸರೇ ಮಗನ ಎರಡನೆಯ ಹೆಸರಾಗುವ ಪದ್ಧತಿಯಿದ್ದು, ಸ್ಥಿರವಾದ ಮನೆತನದ ಹೆಸರನ್ನು ನೆಪೋಲಿಯನ್ನನ ಆಡಳಿತ ಕಡ್ಡಾಯ ಮಾಡಿದ್ದು 1811ರಲ್ಲಿ. ಅಮೆರಿಕದಲ್ಲಿ ಕಳೆದುಹೋಯಿತೆಂದು ಹಲುಬುವ ‘ನಿಜವಾದ ಹೆಸರು’ ಹಲವು ಮನೆಗಳಲ್ಲಿ ಎರಡು ಮೂರು ತಲೆಮಾರಿನಷ್ಟೇ ಹಳೆಯದು.

ಚರ್ಚಿನ ಪುಸ್ತಕವೂ ನಿರ್ಲಿಪ್ತವಲ್ಲ. ವಿವಾಹಬಾಹಿರವಾಗಿ ಹುಟ್ಟಿದ ಮಗುವಿನ ಹೆಸರನ್ನು ಕೆಲವೆಡೆ ತಲೆಕೆಳಗಾಗಿ ಬರೆಯಲಾಗಿದೆ. ಹತ್ತೊಂಬತ್ತನೆಯ ಶತಮಾನದ ದಕ್ಷಿಣ ಜರ್ಮನಿಯಲ್ಲಿ ಬಡವರಿಗೆ ಮದುವೆಯ ಅನುಮತಿಯನ್ನೇ ನಿರಾಕರಿಸುವ ಕಾನೂನುಗಳಿದ್ದವು ಎಂಬುದನ್ನು ನೆನೆದರೆ, ಮದುವೆಗಾಗಿ ಓಡಿಬಂದ ಜೋಡಿಯ ಐತಿಹ್ಯ ಪಾದ್ರಿಯ ಬರಹಕ್ಕಿಂತ ನ್ಯಾಯವಾಗಿ ಕಾಣುತ್ತದೆ. ತಡೆದವರು ತಂದೆತಾಯಿ ಎಂದು ಕಥೆ ಹೇಳುತ್ತದೆ. ತಡೆದದ್ದು ಊರಿನ ಆಡಳಿತವಿರಬಹುದು. ಇದಕ್ಕಿಂತ ಕರಾಳವಾದುದು 1933ರ ನಂತರದ ಕಥೆ. ಸರ್ಕಾರಿ ನೌಕರಿಯಲ್ಲಿ ಉಳಿಯಲು ಅಜ್ಜ ಅಜ್ಜಿಯರ ‘ಆರ್ಯತ್ವ’ವನ್ನು ಸಾಬೀತುಪಡಿಸಬೇಕೆಂದು ನಾತ್ಸಿ ಆಡಳಿತ ಕಾನೂನು ಮಾಡಿದಾಗ ಅದೇ ಪುಸ್ತಕಗಳಿಂದ ನಕಲು ತೆಗೆದು ಪೂರ್ವಜರ ಪತ್ರಗಳು ಸಿದ್ಧವಾದವು. ಯಾರಿಗೆ ಬದುಕುವ ಹಕ್ಕಿಲ್ಲ ಎಂಬ ತೀರ್ಮಾನಕ್ಕೆ ವಂಶಾವಳಿಯೇ ಸಾಧನವಾಯಿತು. ಜರ್ಮನಿಯ ಜಾನಪದ ಅಧ್ಯಯನವೂ ಆಗ ಶುದ್ಧ ಹಸ್ತದಿಂದ ಉಳಿಯಲಿಲ್ಲ. ಆ ಪೂರ್ವಜರ ಪತ್ರಗಳು ಈಗ ವಂಶಶೋಧಕರಿಗೆ ಅನುಕೂಲವಾದ ಆಕರ. ಅವು ಏಕೆ ಹುಟ್ಟಿದವೆಂಬುದನ್ನು ಹೇಳದೆ ಅವುಗಳಿಂದ ದಿನಾಂಕ ಮಾತ್ರ ಎತ್ತಿಕೊಳ್ಳುವ ಕುಟುಂಬ ಚರಿತ್ರೆ ಪ್ರಾಮಾಣಿಕವಾದುದಲ್ಲ.

ಐತಿಹ್ಯವೂ ದಾಖಲೆಯೂ ಒಂದೇ ಹಾಳೆಯಲ್ಲಿ ಸೇರಿದ ಆಕರವೂ ಉಂಟು. ಪೆನ್ಸಿಲ್ವೇನಿಯದ ಜರ್ಮನರು ಮಗುವಿನ ದೀಕ್ಷಾಸ್ನಾನಕ್ಕೆ ಸಂಬಂಧಿಸಿದಂತೆ ಬರೆಯಿಸುತ್ತಿದ್ದ ಚಿತ್ರಪತ್ರವೇ ಅದು. ಜಾನಪದ ವಿದ್ವಾಂಸರಾಗಿದ್ದುಕೊಂಡೇ ವಂಶಾವಳಿ ಸಂಶೋಧನೆಯನ್ನೂ ಮಾಡಿದ ಡಾನ್ ಯೋಡರ್ (1921–2015) ಅಂತಹವರು ಈ ಜನಪದ ಸಾಮಗ್ರಿಯ ಮಹತ್ವವನ್ನು ಎತ್ತಿ ತೋರಿದರು. ಹೂವು, ಹಕ್ಕಿ, ಹೃದಯದ ಚಿತ್ರಗಳ ನಡುವೆ ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿ, ತಾಯಿಯ ತವರು ಮನೆತನ, ಸಾಕ್ಷಿಯಾಗಿ ನಿಂತವರ ಹೆಸರು ಇರುತ್ತವೆ. ಬರೆಯುತ್ತಿದ್ದವರು ಹೆಚ್ಚಾಗಿ ಶಾಲಾ ಮಾಸ್ತರರು, ಊರೂರು ತಿರುಗುವ ಲಿಪಿಕಾರರು. ಎಷ್ಟೋ ವೇಳೆ ಮಗು ಬೆಳೆದು ದೊಡ್ಡದಾದ ಮೇಲೆ, ಮನೆಯವರ ನೆನಪನ್ನೇ ನೆಚ್ಚಿ ಬರೆದದ್ದೂ ಉಂಟು. ಅದನ್ನು ಗೋಡೆಗೆ ತೂಗುಹಾಕುವುದು ವಾಡಿಕೆಯಾಗಿರಲಿಲ್ಲ. ಬೈಬಲ್ಲಿನಲ್ಲಿ ಮಡಿಸಿಡುತ್ತಿದ್ದರು, ಇಲ್ಲವೆ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸುತ್ತಿದ್ದರು. ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದವರ ವಿಧವೆಯರಿಗೆ 1836ರ ಕಾನೂನು ಪಿಂಚಣಿಯ ದಾರಿ ತೆರೆದಾಗ ಮದುವೆಯ ಕಾಲವನ್ನು ರುಜುವಾತುಪಡಿಸಬೇಕಾಯಿತು. ಬೇರೆ ಪುರಾವೆಯಿಲ್ಲದ ಮುದುಕಿಯರು ಬೈಬಲ್ಲಿನ ಕುಟುಂಬದ ಹಾಳೆಯನ್ನು ಕತ್ತರಿಸಿ, ಚಿತ್ರಪತ್ರವನ್ನು ಮಡಿಸಿ, ಅರ್ಜಿಯೊಡನೆ ವಾಷಿಂಗ್ಟನ್ನಿಗೆ ಕಳುಹಿಸಿದರು. ಆ ಹಾಳೆಗಳಲ್ಲಿ ಅನೇಕವು ಮನೆಗೆ ಮರಳಲಿಲ್ಲ; ಪಿಂಚಣಿಯ ಕಡತಗಳೊಡನೆ ರಾಷ್ಟ್ರೀಯ ಪತ್ರಾಗಾರದಲ್ಲಿಯೇ ಉಳಿದಿವೆ.